ವೈರ್ ಸಿಗಿಸುವ ಮೊದಲು ಓಮ್ ಲೆಕ್ಕ: ಪವರ್ ಆಂಪ್ಲಿಫಯರ್ ಜೋಡಣೆಯ ಟಿಪ್ಪಣಿ

ನಮ್ಮ ಕಾಸರಗೋಡಿನ ಕಡೆ ದೀಪಾವಳಿ ಕಳೆದರೆ ಮೇ ಕೊನೆಯ ಹೊತ್ತಿನ ಪತ್ತನಾಜೆಯವರೆಗೆ ಮೈಕಿನವರಿಗೆ ಬಿಡುವಿಲ್ಲ. ಯಕ್ಷಗಾನ ಬಯಲಾಟ, ಭೂತಕೋಲ, ಜಾತ್ರೆ, ಶಾಲೆಯ ವಾರ್ಷಿಕೋತ್ಸವ, ನಡುವೆ ಮದುವೆಗಳು. ಈ ಕೆಲಸಕ್ಕೆ ನನ್ನ ಹಾಗೆ ಕನ್ನಡ ಮಾಧ್ಯಮದಲ್ಲಿ ಕಲಿತು ಬಂದವರಿಗೆ ಒಂದು ಕಷ್ಟ ಇದೆ. ಆಂಪ್ಲಿಫಯರಿನ ಜೊತೆ ಬರುವ ಪುಸ್ತಕ ಇಂಗ್ಲಿಷಿನದ್ದು, ಕಲಿಸುವ ಅಣ್ಣಂದಿರ ಮಾತು ಅರ್ಧ ತುಳು, ಅರ್ಧ ಮಲಯಾಳ. ಯಾವ ವೈರ್ ಎಲ್ಲಿಗೆ ಎಂದು ಎರಡು ದಿನದಲ್ಲಿ ಕೈಗೆ ಬರುತ್ತದೆ. ಯಾಕೆ ಹಾಗೆ ಎಂದು ತಲೆಗೆ ಹೋಗಲು ನನಗೆ ಮೂರು ಸೀಸನ್ ಬೇಕಾಯಿತು. ಆ ಮೂರು ಸೀಸನ್‌ನಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದನ್ನು ಹೊಸಬರಿಗಾಗಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ರಾತ್ರಿಯ ವಿಷಯ. ಬದಿಯಡ್ಕದ ಹತ್ತಿರ ಕೊಯ್ಲು ಮುಗಿದ ಗದ್ದೆಯಲ್ಲಿ ಆಟ. ರಂಗಸ್ಥಳದ ಎರಡೂ ಬದಿಗೆ ಎರಡೆರಡು ಸ್ಪೀಕರ್ ಬಾಕ್ಸ್ ಇಟ್ಟು, ಒಂದರಿಂದ ಇನ್ನೊಂದಕ್ಕೆ ಕೇಬಲ್ ಎಳೆದು, ನಾಲ್ಕನ್ನೂ ಆಂಪಿನ ಒಂದೇ ಚಾನೆಲಿಗೆ (ಎರಡು ಔಟ್‌ಪುಟ್‌ಗಳಲ್ಲಿ ಒಂದಕ್ಕೆ) ಕೊಟ್ಟಿದ್ದೆ. ಇನ್ನೊಂದು ಚಾನೆಲನ್ನು ಹಿಮ್ಮೇಳದವರು ತಮ್ಮ ಶಬ್ದ ಕೇಳಿಕೊಳ್ಳುವ ಬಾಕ್ಸಿಗೆ, ಅಂದರೆ ಮಾನಿಟರಿಗೆ ಎಂದು ಖಾಲಿ ಬಿಟ್ಟಿದ್ದೆ. ಪೂರ್ವರಂಗ ಮುಗಿಯುವವರೆಗೆ ಒಂದು ತೊಂದರೆಯೂ ಇಲ್ಲ. ಬಣ್ಣದ ವೇಷ ರಂಗಕ್ಕೆ ಬಂದು ಚೆಂಡೆ ಏರಿದ ಕೂಡಲೇ ಆಂಪಿನಲ್ಲಿ ಪ್ರೊಟೆಕ್ಟ್ ಎಂಬ ಕೆಂಪು ದೀಪ ಹೊತ್ತಿತು, ಇಡೀ ಗದ್ದೆ ಮೌನವಾಯಿತು. ಭಾಗವತರು ಪದ ನಿಲ್ಲಿಸಲಿಲ್ಲ, ಮೈಕ್ ಇಲ್ಲದೆಯೇ ಮುಂದುವರಿಸಿದರು. ಓಡಿಬಂದ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಓಮ್ ಕಟ್ಟಿದ್ದಿ ಮಾರಾಯ?" ನಾನು "ನಾಲ್ಕು ಬಾಕ್ಸ್" ಎಂದೆ. ಅವರು ಮಾತಾಡದೆ ಎರಡು ಬಾಕ್ಸಿನ ಕೇಬಲ್ ತೆಗೆದು ಇನ್ನೊಂದು ಚಾನೆಲಿಗೆ ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ಶಬ್ದ ಬಂತು.

ಆ ಪ್ರಶ್ನೆಯೇ ಈ ಪಾಠದ ಬುಡ. ಆಂಪ್ಲಿಫಯರಿಗೆ ಬಾಕ್ಸ್ ಎಷ್ಟಿದೆ ಎಂಬುದು ಕಾಣುವುದಿಲ್ಲ, ಎಷ್ಟು ಓಮ್ ಇದೆ ಎಂಬುದು ಮಾತ್ರ ಕಾಣುತ್ತದೆ.

ಓಮ್ ಎಂದರೆ ಏನು, ಎಷ್ಟು

ಬಾಕ್ಸಿನ ಹಿಂದೆ 8 ಓಮ್ ಎಂದು ಬರೆದಿದ್ದರೆ, ಕರೆಂಟು ಹರಿಯುವುದಕ್ಕೆ ಅದು ಒಡ್ಡುವ ತಡೆ ಅಷ್ಟು. ತೋಡಿಗೆ ಕಟ್ಟ ಹಾಕಿದ ಹಾಗೆ. ಒಂದು ಬಾಕ್ಸಿನಿಂದ ಇನ್ನೊಂದಕ್ಕೆ ಕೇಬಲ್ ಎಳೆದಾಗ ಅವು ಸಮಾಂತರ ಜೋಡಣೆಯಲ್ಲಿರುತ್ತವೆ, ಅಂದರೆ ನೀರಿಗೆ ಇನ್ನೊಂದು ದಾರಿ ತೆರೆದ ಹಾಗೆ. ದಾರಿ ಹೆಚ್ಚಾದಷ್ಟೂ ಒಟ್ಟು ತಡೆ ಕಡಿಮೆ. ಒಂದೇ ಓಮಿನ ಬಾಕ್ಸುಗಳಾದರೆ ಲೆಕ್ಕ ಸುಲಭ: ಓಮನ್ನು ಬಾಕ್ಸಿನ ಸಂಖ್ಯೆಯಿಂದ ಭಾಗಿಸಿ. 8 ಓಮಿನ ಎರಡು ಬಾಕ್ಸ್ 4 ಓಮ್, ನಾಲ್ಕು ಬಾಕ್ಸ್ 2 ಓಮ್. ನನ್ನ ಆಂಪಿನ ಹಿಂಬದಿಯಲ್ಲಿ ಕನಿಷ್ಠ 4 ಓಮ್ ಎಂದು ಬರೆದಿತ್ತು. ನಾನು ಕೊಟ್ಟದ್ದು 2. ಸಣ್ಣ ಶಬ್ದದಲ್ಲಿ ಅದು ತಾಳಿಕೊಂಡಿತು, ಚೆಂಡೆಯ ಪೆಟ್ಟಿಗೆ ಬೇಕಾದ ಕರೆಂಟ್ ಕೊಡಲು ಆಗಲಿಲ್ಲ. ಪ್ರೊಟೆಕ್ಟ್ ಸರ್ಕ್ಯೂಟ್ ಇದ್ದುದರಿಂದ ಟ್ರಾನ್ಸಿಸ್ಟರ್ ಉಳಿಯಿತು.

ಈಗ ವ್ಯಾಟ್. ವೋಲ್ಟಿನ ವರ್ಗವನ್ನು ಓಮಿನಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ಒಂದು ಆಂಪ್ 8 ಓಮಿಗೆ 500 ವ್ಯಾಟ್, 4 ಓಮಿಗೆ 800 ವ್ಯಾಟ್ ಎಂದು ಇಟ್ಟುಕೊಳ್ಳಿ. 8 ಓಮಿಗೆ 500 ವ್ಯಾಟ್ ಬರಬೇಕಾದರೆ ಸುಮಾರು 63 ವೋಲ್ಟ್ ಬೇಕು. ಓಮ್ ಅರ್ಧವಾದಾಗ ಲೆಕ್ಕದಲ್ಲಿ 1000 ವ್ಯಾಟ್ ಆಗಬೇಕಿತ್ತು. ಆಗದಿರುವುದಕ್ಕೆ ಕಾರಣ, ಹೆಚ್ಚು ಕರೆಂಟ್ ಎಳೆದಾಗ ಆಂಪಿನ ಒಳಗಿನ ಪವರ್ ಸಪ್ಲೈಯ ವೋಲ್ಟೇಜ್ ಕುಸಿಯುತ್ತದೆ. 800 ವ್ಯಾಟಿನಲ್ಲಿ ಕೇಬಲಿನಲ್ಲಿ ಹರಿಯುವುದು 14 ಆಂಪಿಯರ್. ಮನೆಯ ಫ್ಯಾನ್, ಲೈಟುಗಳೆಲ್ಲ ಸೇರಿದರೂ ಅಷ್ಟಾಗುವುದಿಲ್ಲ. ಸ್ಪೀಕರ್ ವೈರ್ ಎಂದರೆ ಶಾಕ್ ಹೊಡೆಯದ ವೈರ್ ಎಂಬ ನಂಬಿಕೆ ನಮ್ಮಲ್ಲಿದೆ, ಅದನ್ನು ಬಿಡಿ.

ಕಾಗದದ ಲೆಕ್ಕ ಆದ ಮೇಲೆ ಮಲ್ಟಿಮೀಟರ್ ಹಿಡಿಯಿರಿ. ನಾನು ಈಗ ಒಂದು ದಿನವೂ ತಪ್ಪಿಸದ ಕೆಲಸ ಇದು. ಬಾಕ್ಸುಗಳಿಗೆಲ್ಲ ಕೇಬಲ್ ಹಾಕಿ ಮುಗಿದ ಮೇಲೆ, ಆಂಪಿಗೆ ಸಿಗಿಸುವ ತುದಿಯಲ್ಲಿ ಅಳೆಯುತ್ತೇನೆ. 8 ಓಮಿನ ಒಂದು ಬಾಕ್ಸ್ ಮೀಟರಿನಲ್ಲಿ ಸುಮಾರು 6 ತೋರಿಸುತ್ತದೆ. ಹೆದರಬೇಡಿ, ಬಾಕ್ಸ್ ಕೆಟ್ಟಿಲ್ಲ. ಮೀಟರ್ ಅಳೆಯುವುದು ಕಾಯಿಲ್ ತಂತಿಯ ಡಿಸಿ ರೆಸಿಸ್ಟೆನ್ಸ್. ಬಾಕ್ಸಿನ ಮೇಲೆ ಬರೆದದ್ದು ಇಂಪೀಡೆನ್ಸ್, ಅದು ಶಬ್ದದ ಆವರ್ತನಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಎರಡು ಬಾಕ್ಸ್ ಇದ್ದರೆ 3ರ ಹತ್ತಿರ ಬರಬೇಕು. ಎರಡು ಬಾಕ್ಸ್ ಹಾಕಿ 6 ಬಂದರೆ ಒಂದಕ್ಕೆ ವೈರ್ ಮುಟ್ಟಿಲ್ಲ. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಶಾರ್ಟ್ ಇದೆ, ಅದನ್ನು ಹುಡುಕುವವರೆಗೆ ಆಂಪಿನ ಹತ್ತಿರ ಹೋಗಬೇಡಿ. ಎರಡು ನಿಮಿಷದ ಈ ಅಳತೆ ನನ್ನ ಎಷ್ಟೋ ರಾತ್ರಿಗಳನ್ನು ಉಳಿಸಿದೆ.

ಪ್ಲಸ್, ಮೈನಸ್ ಸರಿ ಇದೆಯೇ ಎಂದು ನೋಡಲು ಪೆನ್ಸಿಲ್ ಸೆಲ್ ಸಾಕು. ಕೇಬಲಿನ ತುದಿಗೆ 1.5 ವೋಲ್ಟಿನ ಸೆಲ್ಲನ್ನು ಪ್ಲಸ್ಸಿಗೆ ಪ್ಲಸ್ ಹಿಡಿದು ಒಂದು ಕ್ಷಣ ಮುಟ್ಟಿಸಿ. ಟಕ್ ಎಂದು ವೂಫರಿನ (ಬಾಕ್ಸಿನ ದೊಡ್ಡ ಸ್ಪೀಕರಿನ) ಕಾಗದ ಮುಂದೆ ಬರಬೇಕು. ಒಂದು ಬಾಕ್ಸ್ ಮುಂದೆ, ಪಕ್ಕದ್ದು ಹಿಂದೆ ಹೋದರೆ ಒಂದು ಗಾಳಿ ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಮದ್ದಳೆಯ ಗುಮಕಿ (ತಗ್ಗಿನ ದನಿ) ನಡುವಿನಲ್ಲಿ ಕೂತವರಿಗೆ ಕೇಳುವುದೇ ಇಲ್ಲ. ವಾಲ್ಯೂಮ್ ಏರಿಸಿದರೂ ಈ ತಪ್ಪು ಸರಿಯಾಗುವುದಿಲ್ಲ.

ಬ್ರಿಜ್ ಮೋಡ್ ಬಗ್ಗೆ ನನ್ನ ಸಲಹೆ ಒಂದೇ: ಕಲಿಯುವ ಹಂತದಲ್ಲಿ ಮುಟ್ಟಬೇಡಿ. ಎರಡು ಚಾನೆಲ್ ಸೇರಿ ಒಂದೇ ಲೋಡನ್ನು (ಕಟ್ಟಿದ ಬಾಕ್ಸನ್ನು) ಎರಡೂ ಕಡೆಯಿಂದ ಎಳೆದಾಡುವುದರಿಂದ ಪ್ರತಿ ಚಾನೆಲಿಗೆ ಆ ಲೋಡಿನ ಅರ್ಧ ಮಾತ್ರ ಕಾಣುತ್ತದೆ. 8 ಓಮ್ ಕಟ್ಟಿದರೆ ಪ್ರತಿ ಚಾನೆಲಿಗೆ 4, 4 ಕಟ್ಟಿದರೆ 2. ಮೇಲೆ ಹೇಳಿದ ಆಂಪಿನಲ್ಲಿ ಬ್ರಿಜ್‌ಗೆ 8 ಓಮ್ ಕೊಟ್ಟು 1600 ವ್ಯಾಟ್ ತೆಗೆದರೆ ವೈರಿನಲ್ಲಿ 113 ವೋಲ್ಟ್ ಇರುತ್ತದೆ, ಮತ್ತು ಎರಡೂ ತುದಿಯಲ್ಲಿ ವೋಲ್ಟೇಜ್ ಇರುತ್ತದೆ, ಯಾವುದೂ ಗ್ರೌಂಡ್ ಅಲ್ಲ. ಒಂದು ತುದಿಯನ್ನು ಗ್ರೌಂಡ್ ಎಂದು ತಿಳಿದು ರ‍್ಯಾಕಿಗೆ ತಾಗಿಸಿದರೆ ಆಂಪ್ ಹೋಗುತ್ತದೆ.

ಕೇಬಲ್: ಗದ್ದೆ ಉದ್ದ, ತಾಮ್ರ ದಪ್ಪ

ನಮ್ಮ ಕಡೆಯ ಅಭ್ಯಾಸದಲ್ಲಿ ನನಗೆ ಒಪ್ಪಿಗೆಯಾಗದ್ದು ಇದು. ಮೈಕುಗಳ ಶಬ್ದ ಸೇರಿಸಿ ಹದ ಮಾಡುವ ಮಿಕ್ಸರನ್ನು ಎದುರು ಜನರ ನಡುವೆ ಕೂರಿಸುತ್ತೇವೆ, ಆಂಪನ್ನೂ ಅದರ ಕೆಳಗೇ ಇಟ್ಟು, ಅಲ್ಲಿಂದ 30 ಮೀಟರ್ ಸ್ಪೀಕರ್ ಕೇಬಲ್ ಎಳೆಯುತ್ತೇವೆ. 1.5 ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಒಂದು ಕಿಲೋಮೀಟರಿಗೆ 13.3 ಓಮ್ ತಡೆ ಇದೆ. 30 ಮೀಟರ್ ಹೋಗಿ ಬರಲು 60 ಮೀಟರ್, ಅಂದರೆ 0.8 ಓಮ್. ಆಂಪ್ 40 ವೋಲ್ಟ್ ಕೊಡುತ್ತಿದೆ, ಲೋಡ್ 4 ಓಮ್ ಎನ್ನೋಣ. ಕೇಬಲ್ ಗಿಡ್ಡವಿದ್ದರೆ ಬಾಕ್ಸಿಗೆ 400 ವ್ಯಾಟ್ ಸಿಗುತ್ತಿತ್ತು. ಈಗ ಒಟ್ಟು 4.8 ಓಮ್ ಆದ್ದರಿಂದ ಕರೆಂಟ್ 8.3 ಆಂಪಿಯರ್, ಬಾಕ್ಸಿಗೆ ತಲುಪುವುದು ಸುಮಾರು 278 ವ್ಯಾಟ್. ಸುಮಾರು 55 ವ್ಯಾಟ್ ಗದ್ದೆಯ ಹುಲ್ಲಿನಲ್ಲಿ ಬಿದ್ದ ವೈರನ್ನು ಬಿಸಿ ಮಾಡುತ್ತದೆ. ಅದೇ ಜಾಗದಲ್ಲಿ 4 ಚದರ ಮಿಲಿಮೀಟರಿನ ಕೇಬಲ್ ಹಾಕಿದರೆ 346 ವ್ಯಾಟ್ ತಲುಪುತ್ತದೆ.

ಕಿವಿಗೆ ಈ ನಷ್ಟ ಒಂದೂವರೆ ಡೆಸಿಬೆಲ್ ಅಷ್ಟೇ, ಹೆಚ್ಚಿನವರಿಗೆ ಗೊತ್ತಾಗದು. ನನಗೆ ಬೇಸರ ತರುವುದು ಇನ್ನೊಂದು. ವೂಫರ್ ಒಮ್ಮೆ ಮುಂದೆ ಹೋದರೆ ಅದನ್ನು ಹಿಡಿದು ನಿಲ್ಲಿಸುವುದೂ ಆಂಪಿನದ್ದೇ ಕೆಲಸ. ನಡುವೆ 0.8 ಓಮ್ ಸೇರಿದಾಗ ಆ ಹಿಡಿತ ಸಡಿಲವಾಗುತ್ತದೆ, ಮದ್ದಳೆಯ ಒಂದು ಪೆಟ್ಟು ಮುಂದಿನ ಪೆಟ್ಟಿನ ಮೇಲೆ ಹರಡುತ್ತದೆ. ವರ್ಷಗಟ್ಟಲೆ ಕಲಿತ ಕೈಯ ಬಿಡಿ ಬಿಡಿ ನುಡಿತ ಗದ್ದೆಯ ಆಚೆ ತುದಿಗೆ ಮುದ್ದೆಯಾಗಿ ಕೇಳುವುದು ನಮ್ಮ ವೈರಿನಿಂದ ಎಂದಾದರೆ ಅದು ಸಣ್ಣ ತಪ್ಪಲ್ಲ.

ಪರಿಹಾರಕ್ಕೆ ದುಡ್ಡು ಬೇಡ. ಆಂಪನ್ನು ರಂಗಸ್ಥಳದ ಪಕ್ಕಕ್ಕೆ ಒಯ್ಯಿರಿ, ಮಿಕ್ಸರಿನಿಂದ ಸಿಗ್ನಲ್ ಕೇಬಲನ್ನು ಉದ್ದ ಎಳೆಯಿರಿ. ಆಂಪಿನ ಇನ್‌ಪುಟ್ ಸಾಮಾನ್ಯವಾಗಿ 10ರಿಂದ 20 ಸಾವಿರ ಓಮ್ ಇರುವುದರಿಂದ ಅಲ್ಲಿ ಕೇಬಲಿನ ಒಂದೆರಡು ಓಮ್ ಲೆಕ್ಕಕ್ಕೇ ಇಲ್ಲ. ಮೂರು ಪಿನ್ನಿನ ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ ಕೇಬಲ್ ಆಗಿರಲಿ: 1ನೇ ಪಿನ್ ಶೀಲ್ಡ್, 2 ಹಾಟ್ (ಸಿಗ್ನಲ್), 3 ಕೋಲ್ಡ್ (ಅದೇ ಸಿಗ್ನಲ್ ತಲೆಕೆಳಗಾಗಿ). ದಾರಿಯಲ್ಲಿ ಸೇರಿದ ಗುಯ್ ಎಂಬ ಶಬ್ದ 2ರಲ್ಲೂ 3ರಲ್ಲೂ ಒಂದೇ ಥರ ಇರುತ್ತದೆ, ಆಂಪ್ ಒಂದರಿಂದ ಇನ್ನೊಂದನ್ನು ಕಳೆದಾಗ ಅದು ಹೋಗುತ್ತದೆ.

ಬಾಕ್ಸಿನ ಕಡೆ ಸ್ಪೀಕಾನ್ ಕನೆಕ್ಟರ್ ಬಳಸಿ, ಒತ್ತಿ ತಿರುಗಿಸಿದರೆ ಲಾಕ್ ಆಗುತ್ತದೆ. ಹಳೆಯ ಸೆಟ್ಟುಗಳಲ್ಲಿ ಮನೆಯ ಕರೆಂಟಿನ ಟೂ ಪಿನ್ ಪ್ಲಗ್ಗನ್ನೇ ಸ್ಪೀಕರ್ ವೈರಿಗೆ ಹಾಕಿರುವುದನ್ನು ನಾನು ಕಂಡಿದ್ದೇನೆ. ಕತ್ತಲೆಯಲ್ಲಿ ಯಾರಾದರೂ ಒಬ್ಬ ಹುಡುಗ ಅದನ್ನು 230 ವೋಲ್ಟಿನ ಬೋರ್ಡಿಗೆ ಸಿಗಿಸಿದರೆ ಮುಗಿಯಿತು. ಅಂಥ ಪ್ಲಗ್ ಕಂಡರೆ ಅಲ್ಲೇ ಕತ್ತರಿಸಿ.

ಜಾತ್ರೆಗೆ ರಸ್ತೆ ಉದ್ದಕ್ಕೂ ಹಾರ್ನ್ ಕಟ್ಟುವುದು ಬೇರೆ ವಿದ್ಯೆ. ಅಹುಜಾದಂಥ ಆಂಪ್ಲಿಫಯರಿನ ಹಿಂದೆ 4, 8, 16 ಓಮ್ ಜೊತೆಗೆ 70 ವೋಲ್ಟ್, 100 ವೋಲ್ಟ್ ಎಂಬ ಟರ್ಮಿನಲ್ ಇರುತ್ತದೆ. ವೋಲ್ಟ್ ಹೆಚ್ಚಿಸಿ ಕರೆಂಟ್ ಕಡಿಮೆ ಮಾಡಿದರೆ ತೆಳ್ಳಗಿನ ವೈರಿನಲ್ಲೂ ದೂರ ಹೋಗಬಹುದು. ಪ್ರತಿ ಹಾರ್ನಿಗೆ ಲೈನ್ ಟ್ರಾನ್ಸ್‌ಫಾರ್ಮರ್ ಬೇಕು. ಇಲ್ಲಿ ಓಮ್ ಭಾಗಿಸುವ ಗೊಡವೆ ಇಲ್ಲ, ಹಾರ್ನುಗಳ ವ್ಯಾಟ್ ಕೂಡಿಸುತ್ತ ಹೋದರೆ ಆಯಿತು. 100 ವ್ಯಾಟಿನ ಆಂಪಿಗೆ 80ರವರೆಗೆ ಹಾಕಿ ನಿಲ್ಲಿಸಿ. 100 ವೋಲ್ಟಿನ ಟರ್ಮಿನಲಿಗೆ 8 ಓಮಿನ ಬಾಕ್ಸನ್ನು ನೇರ ಸಿಗಿಸಬಾರದು.

ಗೇನ್ ತಿರುಗಣೆ

ಆಂಪಿನ ಮುಂದಿನ ತಿರುಗಣೆಯನ್ನು ಅರ್ಧಕ್ಕೆ ಇಟ್ಟರೆ ಅರ್ಧ ಪವರ್ ಎಂದು ನಾನೂ ತಿಳಿದಿದ್ದೆ. ಅದು ಒಳಗೆ ಬರುವ ಸಿಗ್ನಲನ್ನು ಕುಗ್ಗಿಸುವ ತಿರುಗಣೆ ಮಾತ್ರ. ಮಿಕ್ಸರ್ ಜೋರಾಗಿ ಕೊಟ್ಟರೆ ಅರ್ಧದಲ್ಲೂ ಆಂಪ್ ಪೂರ್ತಿ ಪವರಿಗೆ ಹೋಗುತ್ತದೆ.

ನಾನು ಮಾಡುವ ಕ್ರಮ ಹೀಗೆ. ಆಂಪಿನ ತಿರುಗಣೆ ಪೂರ್ತಿ ಕೆಳಗೆ. ಚೆಂಡೆಯವರ ಹತ್ತಿರ "ಅಣ್ಣಾ, ಒಂದು ನಿಮಿಷ ಜೋರು ಬಾರಿಸುತ್ತೀರಾ" ಎಂದು ಕೇಳಿ, ಮಿಕ್ಸರಿನ ಮೀಟರ್ ಸೊನ್ನೆ ಡೆಸಿಬೆಲ್ ಗುರುತಿನ ಸುತ್ತ ಆಡುವಂತೆ ಮಾಡುತ್ತೇನೆ. ಆಮೇಲೆ ಆಂಪನ್ನು ನಿಧಾನ ಏರಿಸಿ, ಪೆಟ್ಟಿಗೊಮ್ಮೆ ಕ್ಲಿಪ್ ದೀಪ ಮಿನುಗಿದಾಗ ನಿಲ್ಲಿಸಿ, ಅಲ್ಲಿಂದ ಸ್ವಲ್ಪ ಹಿಂದಕ್ಕೆ ತರುತ್ತೇನೆ. ಮಾತಿಗೆ ಸೆಟ್ ಮಾಡಿದರೆ ಸಾಲದು. ಅರ್ಥಗಾರಿಕೆಗೂ ಚೆಂಡೆಯ ಏರಿಗೂ ಇರುವ ಅಂತರ ಭಾರೀ ದೊಡ್ಡದು.

ಕ್ಲಿಪ್ ದೀಪ ಸತತ ಉರಿಯುತ್ತಿದ್ದರೆ ತರಂಗದ ತಲೆ ಕಡಿದು ಚೌಕವಾಗುತ್ತಿದೆ ಎಂದರ್ಥ. ಅದೇ ಎತ್ತರದ ಪೂರ್ತಿ ಚೌಕ ತರಂಗದಲ್ಲಿ ಸೈನ್ ತರಂಗದ ಎರಡು ಪಟ್ಟು ಶಕ್ತಿ ಇದೆ. 500 ವ್ಯಾಟಿನ ಆಂಪ್ ಬಾಕ್ಸಿಗೆ ಅದಕ್ಕಿಂತ ಎಷ್ಟೋ ಹೆಚ್ಚು ತಳ್ಳುತ್ತದೆ, ಕಡಿದ ಮೂಲೆಗಳಿಂದ ಹುಟ್ಟುವ ಹೆಚ್ಚಿನ ಆವರ್ತನ ಟ್ವೀಟರಿಗೆ (ಕೀಚು ದನಿಯ ಸಣ್ಣ ಸ್ಪೀಕರಿಗೆ) ಹೋಗಿ ಕಾಯಿಲ್ ಸುಡುತ್ತದೆ.

ಶಬ್ದ ಸಾಲದು ಎಂದು ಪವರ್ ದುಪ್ಪಟ್ಟು ಮಾಡಿದರೆ ಹೆಚ್ಚುವುದು 3 ಡೆಸಿಬೆಲ್. ಬಯಲಿನಲ್ಲಿ ದೂರ ದುಪ್ಪಟ್ಟಾದರೆ ಇಳಿಯುವುದು 6. ಆದ್ದರಿಂದ ಹಿಂದಿನ ಸಾಲಿನವರಿಗೆ ಕೇಳಿಸಲು ಬಾಕ್ಸನ್ನು ಎತ್ತರಕ್ಕೆ ಏರಿಸಿ ಅವರ ಕಡೆ ಬಗ್ಗಿಸುವುದೇ ಜಾಣತನ. ಹೊತ್ತಿನ ಲೆಕ್ಕವೂ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷಕ್ಕೆ ಹೆಚ್ಚೆಂದರೆ 15 ದಿನ 12 ಗಂಟೆಯವರೆಗೆ ರಾಜ್ಯ ಸರಕಾರ ಸಡಿಲಿಸಬಹುದು. ಅನುಮತಿ ಪತ್ರ ಕೈಯಲ್ಲಿದೆಯೇ ಎಂದು ಕಮಿಟಿಯವರ ಹತ್ತಿರ ಮೊದಲೇ ಕೇಳಿಡಿ.

ಕರೆಂಟು, ಅರ್ಥಿಂಗ್, ಹಾತೆ

ಮಿಕ್ಸರ್, ಆಂಪ್ ಎರಡಕ್ಕೂ ಒಂದೇ ಬೋರ್ಡಿನಿಂದ, ಒಂದೇ ಫೇಸಿನಿಂದ ಕರೆಂಟ್ ಕೊಡಿ. ಗುಯ್ ಎನ್ನುತ್ತದೆ ಎಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಹಸಿ ಗದ್ದೆಯ ಮೇಲೆ ಬರಿಗಾಲಲ್ಲಿ ನಿಂತವರ ಕೈಯಲ್ಲಿ ಲೋಹದ ಮೈಕ್ ಇರುತ್ತದೆ. ಗುಯ್ ಹೋಗಲು ಸಿಗ್ನಲ್ ಕೇಬಲಿನ ನಡುವೆ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಿ. ಜನರೇಟರ್ ಆದರೆ ಮೊದಲು ಮೀಟರಿನಲ್ಲಿ ವೋಲ್ಟೇಜ್ ನೋಡಿ, ಅದು 230ರ ಹತ್ತಿರ ನಿಂತ ಮೇಲೆಯೇ ಆಂಪಿನ ಪ್ಲಗ್. ಎಕ್ಸ್‌ಟೆನ್ಶನ್ ವೈರನ್ನು ಸುರುಳಿಯಲ್ಲೇ ಬಿಡಬೇಡಿ, ಒಳಗೆ ಬಿಸಿ ಏರುತ್ತದೆ.

ಆಂಪಿನ ಫ್ಯಾನಿಗೆ ಹಿಂದೆ ಮುಂದೆ ಒಂದು ಗೇಣು ಜಾಗ ಬೇಕು. ಸೀಸನ್ ಶುರುವಿನಲ್ಲಿ ಮಳೆ ಬಿಟ್ಟ ಸಂಜೆ ಟ್ಯೂಬ್‌ಲೈಟಿಗೆ ಹಾತೆ ಮುತ್ತುತ್ತವೆ, ಫ್ಯಾನ್ ಅವನ್ನು ಒಳಗೆ ಎಳೆಯುತ್ತದೆ. ಆಂಪಿನ ಮೇಲ್ಗಡೆ ಲೈಟ್ ಕಟ್ಟಬೇಡಿ, ಫಿಲ್ಟರ್ ಸ್ಪಂಜನ್ನು ವಾರಕ್ಕೊಮ್ಮೆ ತೊಳೆದು ಒಣಗಿಸಿ ಹಾಕಿ.

ಆನ್ ಮಾಡುವಾಗ ಮಿಕ್ಸರ್ ಮೊದಲು, ಆಂಪ್ ಕೊನೆಗೆ. ಆಫ್ ಮಾಡುವಾಗ ಆಂಪ್ ಮೊದಲು. ಮಂಗಳ ಮುಗಿದು ಜನ ಏಳುತ್ತಿದ್ದಂತೆ ಜನರೇಟರಿನವ ಅವಸರ ಮಾಡುತ್ತಾನೆ. ಆಂಪಿನ ದೀಪ ಪೂರ್ತಿ ಆರುವವರೆಗೆ ಅವನನ್ನು ನಿಲ್ಲಿಸಿಕೊಳ್ಳಿ, ಆಮೇಲೆ ಮಿಕ್ಸರ್ ಆಫ್ ಮಾಡಿ, ಕೇಬಲ್ ಸುತ್ತಲು ಶುರು ಮಾಡಿ.