ಅವಸರವಿಲ್ಲದ ಆರು ಸಿಲಿಂಡರ್

ಅಮೆರಿಕದಲ್ಲಿ ಹಳೆಯ ಹೋಂಡಾ ಗೋಲ್ಡ್ ವಿಂಗ್ ಬೈಕೊಂದು ಮಾರಾಟಕ್ಕೆ ಬಂದಾಗ ಅದು ಒಂದು ಲಕ್ಷ ಮೈಲಿ, ಅಂದರೆ 1.6 ಲಕ್ಷ ಕಿ.ಮೀ. ಓಡಿದೆ ಎಂದು ತಿಳಿದರೆ ಕೊಳ್ಳುವವರು ಗಾಬರಿಯಾಗುವುದಿಲ್ಲ. ನಮ್ಮಲ್ಲಿ ದಿನಬಳಕೆಯ ನೂರು ಸಿಸಿ ಬೈಕು ಅದರ ಅರ್ಧದಷ್ಟು ಓಡುವ ಹೊತ್ತಿಗೇ ‘ಇನ್ನು ಬೋರ್ ಮಾಡಿಸಬೇಕು’ (ಸವೆದ ಸಿಲಿಂಡರನ್ನು ಕೊರೆಸಿ ಸರಿಮಾಡಿಸಬೇಕು) ಎಂಬ ಮಾತು ಗ್ಯಾರೇಜಿನಲ್ಲಿ ಕೇಳಿಬರುತ್ತದೆ. ಎರಡರಲ್ಲೂ ಇರುವುದು ಸಿಲಿಂಡರಿನೊಳಗೆ ಹಿಂದೆಮುಂದೆ ಸಾಗುವ ಅಲ್ಯೂಮಿನಿಯಂ ಪಿಸ್ಟನ್, ಆ ಚಲನೆಯನ್ನು ಸುತ್ತಾಗಿಸುವ ಉಕ್ಕಿನ ಕ್ರ್ಯಾಂಕ್‌ಶಾಫ್ಟ್. ಗೋಲ್ಡ್ ವಿಂಗ್‌ನಂತೆ ದೂರ ಪ್ರಯಾಣಕ್ಕೆಂದೇ ತಯಾರಾಗುವ ಭಾರೀ ಟೂರಿಂಗ್ ಬೈಕುಗಳ ದೀರ್ಘಾಯುಷ್ಯಕ್ಕೆ ದುಬಾರಿ ಲೋಹವೇ ಕಾರಣವೆಂದು ಬಹಳ ಮಂದಿ ನಂಬಿದ್ದಾರೆ. ನನಗೆ ತೋರುವ ಕಾರಣ ಬೇರೆ: ಈ ಎಂಜಿನ್‌ಗಳು ತಮ್ಮ ಶಕ್ತಿಯ ಸ್ವಲ್ಪ ಪಾಲನ್ನಷ್ಟೇ ಖರ್ಚು ಮಾಡುತ್ತ, ಹದವಾದ ಬಿಸಿಯಲ್ಲಿ, ಗಂಟೆಗಟ್ಟಲೆ ಓಡುತ್ತವೆ, ಬಾಳಿಕೆಯ ಬಹುಪಾಲು ಬರುವುದು ಅಲ್ಲಿಂದಲೇ.

1975ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಗೋಲ್ಡ್ ವಿಂಗ್‌ನಲ್ಲಿ ನೆಲಕ್ಕೆ ಸಮಾನಾಂತರವಾಗಿ ಎದುರುಬದುರು ಮಲಗಿಸಿದ, ಒಟ್ಟು 999 ಸಿಸಿಯ ನಾಲ್ಕು ಸಿಲಿಂಡರ್‌ಗಳಿದ್ದವು. 1988ರ ಮಾದರಿಯಲ್ಲಿ ಅವು ಆರಾದವು, ಗಾತ್ರ 1520 ಸಿಸಿಗೆ ಏರಿತು. 2001ರಲ್ಲಿ 1832 ಸಿಸಿ ಆಯಿತು. ಇಷ್ಟು ದೊಡ್ಡ ಎಂಜಿನ್ ಕೊಡುವ ಗರಿಷ್ಠ ಶಕ್ತಿ 118 ಅಶ್ವಶಕ್ತಿ ಮಾತ್ರ, ಅದೂ ನಿಮಿಷಕ್ಕೆ 5500 ಸುತ್ತಿನಲ್ಲಿ. ಇಂದಿನ ಸಾವಿರ ಸಿಸಿಯ ಸ್ಪೋರ್ಟ್ಸ್ ಬೈಕುಗಳು ಸರಿಸುಮಾರು 200 ಅಶ್ವಶಕ್ತಿ ಹಿಂಡಿ ತೆಗೆಯುತ್ತವೆ ಎಂಬುದನ್ನು ನೆನೆದರೆ, ಗೋಲ್ಡ್ ವಿಂಗ್‌ನ ತಯಾರಕರು ಎಷ್ಟನ್ನು ಬೇಕೆಂದೇ ಬಿಟ್ಟುಕೊಟ್ಟಿದ್ದಾರೆ ಎಂಬುದು ತಿಳಿಯುತ್ತದೆ.

ಬಿಟ್ಟುಕೊಟ್ಟದ್ದರ ಪ್ರತಿಫಲವನ್ನು ಒಂದು ಸಣ್ಣ ಲೆಕ್ಕದಲ್ಲಿ ಕಾಣಬಹುದು. 2001ರ ಎಂಜಿನ್‌ನ ಪಿಸ್ಟನ್ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುವ ದೂರ 71 ಮಿ.ಮೀ. ಹೆದ್ದಾರಿಯಲ್ಲಿ ಗಂಟೆಗೆ 110 ಕಿ.ಮೀ. ವೇಗದಲ್ಲಿ ಸಾಗುವಾಗ ಟಾಪ್ ಗೇರಿನಲ್ಲಿ ಎಂಜಿನ್ ಸುತ್ತುವುದು ನಿಮಿಷಕ್ಕೆ ಸುಮಾರು 2800 ಸಲ. ಪ್ರತಿ ಸುತ್ತಿಗೂ ಪಿಸ್ಟನ್ ಒಮ್ಮೆ ಹೋಗಿ ಒಮ್ಮೆ ಬರುವುದರಿಂದ ಅದರ ಸರಾಸರಿ ವೇಗ ಸೆಕೆಂಡಿಗೆ 6.6 ಮೀಟರ್ ಆಗುತ್ತದೆ. ನಮಗೆಲ್ಲ ಪರಿಚಿತವಾದ 97.2 ಸಿಸಿಯ ಸ್ಪ್ಲೆಂಡರ್‌ನಲ್ಲಿ ಈ ದೂರ 49.5 ಮಿ.ಮೀ. ಮಾತ್ರ; ಆದರೆ ಅದು ತನ್ನ ಗರಿಷ್ಠ ಶಕ್ತಿ ಕೊಡುವ 8000 ಸುತ್ತಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 13.2 ಮೀಟರ್, ಅಂದರೆ ಸರಿಯಾಗಿ ಎರಡು ಪಟ್ಟು. ಸವೆತ ಮಾತ್ರ ಎರಡು ಪಟ್ಟಿಗೆ ನಿಲ್ಲುವುದಿಲ್ಲ. ಪಿಸ್ಟನ್ ಪ್ರತಿ ಸುತ್ತಿನಲ್ಲೂ ಎರಡು ಬಾರಿ ಪೂರ್ತಿ ನಿಂತು ದಿಕ್ಕು ಬದಲಿಸಬೇಕು, ಮತ್ತು ಹಾಗೆ ಅದನ್ನು ತಡೆದು ತಿರುಗಿಸುವ ಬಲ ಸುತ್ತುವ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಮೇಲಿನ ಎರಡು ಸ್ಥಿತಿಗಳನ್ನು ಹೋಲಿಸಿದರೆ ಚಿಕ್ಕ ಬೈಕಿನ ಪಿಸ್ಟನ್ ಅನುಭವಿಸುವ ವೇಗೋತ್ಕರ್ಷ ಐದೂವರೆ ಪಟ್ಟಿಗೂ ಹೆಚ್ಚು. ಪುಟ್ಟ ಬೈಕನ್ನು ಹೆದ್ದಾರಿಯಲ್ಲಿ ಕಿವಿ ಹಿಂಡಿ ಓಡಿಸುವವರು ಕೇಳುವ ಕಿರುಚು ಈ ಬಲ ಏರಿದ್ದರ ಗುರುತು.

ಹಾಗೆಂದು ಸುತ್ತು ಕಡಿಮೆಯಾದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಕ್ರ್ಯಾಂಕ್‌ಶಾಫ್ಟ್ ಮತ್ತು ಅದನ್ನು ಹಿಡಿದಿಡುವ ಬೇರಿಂಗ್ ಒಂದಕ್ಕೊಂದು ತಾಗದಂತೆ ಕಾಯುವುದು ಕೂದಲೆಳೆಗಿಂತ ಹಲವು ಪಟ್ಟು ತೆಳುವಾದ ಎಣ್ಣೆಯ ಪದರ. ತಿರುಗುವ ಶಾಫ್ಟ್ ಎಣ್ಣೆಯನ್ನು ತನ್ನೊಡನೆ ಎಳೆದುಕೊಂಡು, ಅದರ ಮೇಲೆಯೇ ತೇಲುತ್ತದೆ; ನೀರಿನ ಮೇಲೆ ವೇಗವಾಗಿ ಸಾಗುವ ದೋಣಿ ಮೂತಿಯೆತ್ತುವ ಹಾಗೆ. ಇಬ್ಬರನ್ನು, ಜೊತೆಗೆ ಸಾಮಾನನ್ನು ಹೊತ್ತ 380 ಕಿಲೋ ತೂಕದ ಬೈಕನ್ನು ಟಾಪ್ ಗೇರಿನಲ್ಲೇ ಘಾಟಿ ಹತ್ತಿಸಿದರೆ ಸುತ್ತು ಇಳಿಯುತ್ತದೆ, ಹೊರೆ ಏರುತ್ತದೆ, ಆ ಪದರ ತೆಳುವಾಗುತ್ತದೆ. ಒಂದು ಗೇರು ಇಳಿಸಿ ಎಂಜಿನ್ನಿಗೆ ಉಸಿರಾಡಲು ಬಿಡುವುದೇ ಅಲ್ಲಿ ಸರಿ.

ಎಣ್ಣೆಯ ಪದರ ತೀರಾ ತೆಳುವಾಗಿರುವ ಕ್ಷಣವೊಂದಿದೆ: ರಾತ್ರಿಯಿಡೀ ನಿಂತ ಎಂಜಿನ್ನನ್ನು ಬೆಳಗ್ಗೆ ಚಾಲೂ ಮಾಡುವ ಗಳಿಗೆ. ಎಣ್ಣೆಯ ಬಹುಪಾಲು ತಳಕ್ಕಿಳಿದಿರುತ್ತದೆ, ಪಂಪು ಅದನ್ನು ಮೇಲಕ್ಕೆ ತಲುಪಿಸುವವರೆಗೆ ಲೋಹಕ್ಕೆ ಲೋಹ ಉಜ್ಜಬಹುದು. ಇನ್ನೊಂದು ಕಂಟಕ ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್‌ನಿಂದ ಹೊರಹೋದರೂ ಸ್ವಲ್ಪ ಭಾಗ ಪಿಸ್ಟನ್ ರಿಂಗ್‌ಗಳನ್ನು ದಾಟಿ ಎಣ್ಣೆಯ ಕೋಣೆಗೆ ನುಸುಳುತ್ತದೆ. ದಿನವೂ ಎರಡು ಕಿ.ಮೀ. ದೂರದ ಅಂಗಡಿಗಷ್ಟೇ ಹೋಗಿಬರುತ್ತಿದ್ದ ನನ್ನ ಹಳೆಯ ಬೈಕಿನ ಆಯಿಲ್ ಮುಚ್ಚಳವನ್ನು ಡಿಸೆಂಬರಿನ ಒಂದು ಬೆಳಗ್ಗೆ ತಿರುಗಿಸಿ ತೆಗೆದಾಗ, ಅದರ ಒಳಮೈಗೆ ಮಜ್ಜಿಗೆಯ ಮೇಲಿನ ನೊರೆಯಂತೆ ಕೆನೆಬಣ್ಣದ ಅಂಟು ಮೆತ್ತಿಕೊಂಡಿತ್ತು. ಬೆರಳಿಗೆ ಹಚ್ಚಿಕೊಂಡರೆ ಜಾರುವ ಗುಣವೇ ಇರಲಿಲ್ಲ. ಅದು ನೀರು ಬೆರೆತ ಎಣ್ಣೆ. ವಾರಾಂತ್ಯದಲ್ಲಿ ನೂರು ಕಿ.ಮೀ. ಓಡಿಸಿ ಬಂದ ಮೇಲೆ ನೋಡಿದರೆ ನೊರೆ ಮಾಯವಾಗಿತ್ತು, ಏಕೆಂದರೆ ಎಣ್ಣೆ ಚೆನ್ನಾಗಿ ಕಾದು, ಹೊತ್ತು ಕಳೆದರೆ ಮಾತ್ರ ನೀರು ಆವಿಯಾಗಿ ಹೊರಬೀಳುತ್ತದೆ. ಟೂರಿಂಗ್ ಬೈಕಿಗೆ ಇದು ತಾನಾಗಿ ಒದಗುವ ಭಾಗ್ಯ.

ಅರ್ಜೆಂಟೀನಾದ ಎಮಿಲಿಯೊ ಸ್ಕಾಟೊ 1985ರ ಜನವರಿಯಿಂದ 1995ರ ಏಪ್ರಿಲ್‌ವರೆಗೆ 1100 ಸಿಸಿಯ ಗೋಲ್ಡ್ ವಿಂಗ್ ಮೇಲೆ 7.35 ಲಕ್ಷ ಕಿ.ಮೀ. ಸುತ್ತಿ ಗಿನ್ನೆಸ್ ದಾಖಲೆಗೆ ಸೇರಿದರು. ಹತ್ತು ವರ್ಷಗಳಿಗೆ ಹಂಚಿದರೆ ದಿನಕ್ಕೆ ಸರಾಸರಿ 200 ಕಿ.ಮೀ. ಸಮೀಪ ಬರುತ್ತದೆ. ಅಷ್ಟೇ ದೂರವನ್ನು ಪ್ರತಿ ಸಲ ತಣ್ಣಗಾಗಿಸಿ ಎರಡೆರಡು ಕಿ.ಮೀ.ಗಳಂತೆ ತುಂಡು ಮಾಡಿ ಓಡಿಸಿದರೆ ಯಾವ ಎಂಜಿನ್ನೂ ತಾಳಲಾರದು. ಆದರೂ ಇಂಥ ಕಥೆಗಳನ್ನು ಕೇಳುವಾಗ ಒಂದು ಎಚ್ಚರ ಬೇಕು: ಐದು ಲಕ್ಷ ಕಿ.ಮೀ. ಓಡಿದ ಬೈಕಿನ ಒಡೆಯ ಅದನ್ನು ಹತ್ತು ಮಂದಿಗೆ ಹೇಳುತ್ತಾನೆ, ಐವತ್ತು ಸಾವಿರಕ್ಕೆ ಕೈಕೊಟ್ಟ ಬೈಕು ಸದ್ದಿಲ್ಲದೆ ಗುಜರಿ ಸೇರುತ್ತದೆ.

ಬಿಸಿ ಹದವಾಗಿರಬೇಕೆಂದೆ. ಗೋಲ್ಡ್ ವಿಂಗ್ ಮೊದಲಿನಿಂದಲೂ ರೇಡಿಯೇಟರ್ ನೀರಿನಿಂದ ತಣಿಯುವ ಎಂಜಿನ್. ಹಾರ್ಲೆ-ಡೇವಿಡ್ಸನ್‌ನ ಟೂರಿಂಗ್ ಬೈಕುಗಳಲ್ಲಿ ಎರಡು ಸಿಲಿಂಡರ್‌ಗಳು ಒಂದರ ಹಿಂದೊಂದು ಇರುವುದರಿಂದ ಹಿಂದಿನದಕ್ಕೆ ಗಾಳಿ ಕಡಿಮೆ; ಟ್ರಾಫಿಕ್ಕಿನಲ್ಲಿ ನಿಂತಾಗ ಆ ಸಿಲಿಂಡರಿಗೆ ಇಂಧನವನ್ನೇ ನಿಲ್ಲಿಸುವ ವ್ಯವಸ್ಥೆಯನ್ನು ಆ ಕಂಪನಿ ಅಳವಡಿಸಿತು, 2014ರ ಕೆಲವು ಮಾದರಿಗಳಲ್ಲಿ ಸಿಲಿಂಡರ್ ಹೆಡ್‌ಗಳಿಗೆ ನೀರನ್ನೂ ಹರಿಸಿತು.

ಬೈಕಿನಲ್ಲಿ ಎಣ್ಣೆಗೆ ಕಾರಿಗಿಂತ ಹೆಚ್ಚಿನ ದುಡಿಮೆ. ಬಹುತೇಕ ಬೈಕುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಎಣ್ಣೆ. ಗೇರಿನ ಹಲ್ಲುಗಳು ಎಣ್ಣೆಯ ಉದ್ದನೆಯ ಅಣುಗಳನ್ನು ಕತ್ತರಿಸಿ ತೆಳುವಾಗಿಸುತ್ತವೆ. ಕಾರಿನ ಎಣ್ಣೆಗೆ ಬೆರೆಸುವ ಘರ್ಷಣೆ ತಗ್ಗಿಸುವ ರಾಸಾಯನಿಕಗಳು ಕ್ಲಚ್ ಪ್ಲೇಟುಗಳನ್ನು ಜಾರಿಸಬಹುದು. ಬೈಕಿನ ಆಯಿಲ್ ಡಬ್ಬಿಯ ಮೇಲೆ ಕಾಣುವ ‘ಜಾಸೊ ಎಂಎ’ ಎಂಬ ಜಪಾನಿ ಮಾನದಂಡ ಇದಕ್ಕಾಗಿಯೇ ಬಂದದ್ದು.

ಇಷ್ಟೆಲ್ಲ ಸರಿಯಿದ್ದೂ ಪ್ರಯಾಣಿಕನನ್ನು ದಾರಿಯಲ್ಲಿ ನಿಲ್ಲಿಸುವುದು ಹೆಚ್ಚಾಗಿ ಪಿಸ್ಟನ್ ಅಥವಾ ಕ್ರ್ಯಾಂಕ್ ಆಗಿರುವುದಿಲ್ಲ, ಅವುಗಳ ಸುತ್ತಲಿನ ಸಣ್ಣಪುಟ್ಟ ಭಾಗಗಳಾಗಿರುತ್ತವೆ. 1200 ಸಿಸಿವರೆಗಿನ ಗೋಲ್ಡ್ ವಿಂಗ್‌ಗಳಲ್ಲಿ ವಿದ್ಯುತ್ ಉತ್ಪಾದಿಸುವ ಸ್ಟೇಟರ್ ಎಂಜಿನ್ನಿನ ಹಿಂಬದಿಯಲ್ಲಿ, ಬಿಸಿ ಎಣ್ಣೆಯ ನಡುವೆ ಇತ್ತು. ಅದರ ತಾಮ್ರದ ಸುರುಳಿ ಸುಟ್ಟರೆ ಇಡೀ ಎಂಜಿನ್ನನ್ನೇ ಚಾಸಿಯಿಂದ ಇಳಿಸಬೇಕಿತ್ತು. ‘1500’ ಎಂದು ಕರೆಯುವ 1520 ಸಿಸಿಯ ಬೈಕಿನಲ್ಲಿ ಕಾರಿನ ಮಾದರಿಯ ಆಲ್ಟರ್ನೇಟರನ್ನು ಹೊರಗೇ ಕೂರಿಸಿದರು. 1999ರಲ್ಲಿ ಬಂದ ಹಾರ್ಲೆಯ ಟ್ವಿನ್ ಕ್ಯಾಮ್ ಎಂಜಿನ್‌ನಲ್ಲಿ ಒಳಗಿನ ಚೈನನ್ನು ಬಿಗಿ ಹಿಡಿಯುತ್ತಿದ್ದ ಪ್ಲಾಸ್ಟಿಕ್ ಪ್ಯಾಡುಗಳು ಸವೆಯುತ್ತಿದ್ದವು. ಮುಂದಿನ ಆವೃತ್ತಿಯಲ್ಲಿ ಸ್ಪ್ರಿಂಗ್ ಬದಲು ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಟೆನ್ಷನರ್ ಬಂತು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಕುತೂಹಲಕರವಾದದ್ದು ಟೈಮಿಂಗ್ ಬೆಲ್ಟ್. ಮೊದಲ ಗೋಲ್ಡ್ ವಿಂಗ್‌ನಿಂದ 1500ರವರೆಗೆ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ತಿರುಗಿಸುತ್ತಿದ್ದುದು ರಬ್ಬರ್ ಬೆಲ್ಟು. 1832 ಸಿಸಿಯ ‘1800’ರಲ್ಲಿ ಮಾತ್ರ ಚೈನ್ ಬಂತು. 1500ರಲ್ಲಿ ಬೆಲ್ಟ್ ಹರಿದರೆ ತೆರೆದೇ ಉಳಿದ ವಾಲ್ವಿಗೆ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತದೆ. ರಬ್ಬರು ಬೈಕಿನ ಮೀಟರನ್ನು ಮಾತ್ರ ನಂಬಿ ಹಳೆಯದಾಗುವುದಿಲ್ಲ, ಶೆಡ್ಡಿನಲ್ಲಿ ನಿಂತಿದ್ದರೂ ವರ್ಷ ಕಳೆದಂತೆ ಗಡುಸಾಗಿ ಬಿರುಕು ಬಿಡುತ್ತದೆ. ಹೀಗಾಗಿ ಮೂವತ್ತು ವರ್ಷದಲ್ಲಿ ಬರೀ ಇಪ್ಪತ್ತು ಸಾವಿರ ಕಿ.ಮೀ. ಓಡಿದ, ಫಳಫಳ ಹೊಳೆಯುವ 1500 ಒಂದನ್ನೂ, ಅದರ ಪಕ್ಕದಲ್ಲಿ ಎರಡು ಲಕ್ಷ ಓಡಿ ಬೆಲ್ಟು ಬದಲಿಸಿದ ತಾರೀಕನ್ನು ಸರ್ವಿಸ್ ಪುಸ್ತಕದಲ್ಲಿ ಬರೆಸಿಟ್ಟುಕೊಂಡ ಇನ್ನೊಂದನ್ನೂ ತೋರಿಸಿದರೆ, ನಾನು ಎರಡನೆಯದರ ಕೀಲಿಯನ್ನೇ ಕೇಳುತ್ತೇನೆ.