ಬೀರುವಿನ ಕ್ಯಾಮೆರಾಗಳನ್ನು ಬಿಟ್ಟುಕೊಡುವ ಮುನ್ನ

ರೀಲ್ ಕ್ಯಾಮೆರಾಗಳ ದುರಸ್ತಿ ನನ್ನ ವೃತ್ತಿ. ಆದರೆ ಈಚಿನ ವರ್ಷಗಳಲ್ಲಿ ಅಂಗಡಿಗೆ ಬರುವವರಲ್ಲಿ ಹಲವರು ದುರಸ್ತಿ ಮಾಡಿಸಲು ಬರುವುದಿಲ್ಲ. ನಿವೃತ್ತರಾಗಿ ದೊಡ್ಡ ಮನೆಯಿಂದ ಅಪಾರ್ಟ್‌ಮೆಂಟಿಗೆ ಹೊರಟವರು, ತಂದೆ ತೀರಿಕೊಂಡ ಮೇಲೆ ಬೀರು ತೆಗೆದು ನೋಡಿ ದಿಕ್ಕುತೋಚದ ಮಕ್ಕಳು, ಮೂವತ್ತು ನಲವತ್ತು ವರ್ಷ ಹುಡುಕಿ ಹುಡುಕಿ ಕೂಡಿಹಾಕಿ ಈಗ ಮನೆಯವರಿಗೆ ಉತ್ತರ ಹೇಳಬೇಕಾದ ಸಂಗ್ರಾಹಕರು, ಒಂದು ಚೀಲದ ತುಂಬ ಕ್ಯಾಮೆರಾಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. "ಮಾರಲೇಬೇಕು ಅಂತೇನಿಲ್ಲ ಸಾರ್, ಸುಮ್ಮನೆ ಒಮ್ಮೆ ನೋಡಿ ಹೇಳಿ" ಎನ್ನುವುದು ಹೆಚ್ಚುಕಡಿಮೆ ಎಲ್ಲರ ಮೊದಲ ಮಾತು. ಬಿಟ್ಟುಕೊಡುವ ತೀರ್ಮಾನ ಮನೆಯಲ್ಲಿ ಆಗಿದೆ, ಮನಸ್ಸಿನಲ್ಲಿ ಇನ್ನೂ ಆಗಿಲ್ಲ ಎಂಬುದು ಅಷ್ಟರಲ್ಲೇ ತಿಳಿಯುತ್ತದೆ.

ಈ ಹಿಂಜರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದರ ಹಿಂದಿರುವ ಒಂದು ನಂಬಿಕೆಯನ್ನು ಒಪ್ಪಲಾರೆ. ಬೀರುವಿನಲ್ಲಿ ಬಟ್ಟೆ ಸುತ್ತಿಟ್ಟ ಕ್ಯಾಮೆರಾ ಇದ್ದ ಹಾಗೆಯೇ ಇರುತ್ತದೆ, ತೀರ್ಮಾನವನ್ನು ಮುಂದಿನ ವರ್ಷಕ್ಕೆ ಮುಂದೂಡಿದರೆ ನಷ್ಟವೇನಿಲ್ಲ ಎಂಬುದೇ ಆ ನಂಬಿಕೆ. ಕ್ಯಾಮೆರಾ ನಾಣ್ಯವಲ್ಲ, ಅಂಚೆಚೀಟಿಯೂ ಅಲ್ಲ. ಅದು ಗಾಜು, ಹಿತ್ತಾಳೆ, ಗ್ರೀಸು, ರಬ್ಬರು, ಬಟ್ಟೆ, ಫೋಮ್ ಎಲ್ಲ ಸೇರಿದ ಯಂತ್ರ, ಮತ್ತು ಇವುಗಳಲ್ಲಿ ಪ್ರತಿಯೊಂದೂ ಸುಮ್ಮನೆ ಕೂತಲ್ಲಿಯೇ ತನ್ನದೇ ವೇಗದಲ್ಲಿ ಹಾಳಾಗುತ್ತಿರುತ್ತದೆ.

ಮೊದಲ ಶತ್ರು ಫಂಗಸ್, ಅಂದರೆ ಲೆನ್ಸಿನೊಳಗಿನ ಬೂಷ್ಟು. ಗಾಳಿಯ ತೇವಾಂಶ ಶೇ. 60–70ನ್ನು ಮೀರಿ ಬಹುಕಾಲ ನಿಂತರೆ, ಅದರ ಜೊತೆಗೆ ಕತ್ತಲೆಯೂ ಗಾಳಿಯಾಡದ ಜಾಗವೂ ಸಿಕ್ಕರೆ, ಅದು ಲೆನ್ಸಿನ ಅಂಚಿನಿಂದ ಜೇಡರಬಲೆಯ ಎಳೆಗಳ ಹಾಗೆ ಒಳಕ್ಕೆ ಹಬ್ಬುತ್ತದೆ. ಮಂಗಳೂರು, ಉಡುಪಿ, ಕಾರವಾರಗಳಿಂದಲೂ ಮಲೆನಾಡಿನಿಂದಲೂ ಬರುವ ಕ್ಯಾಮೆರಾಗಳನ್ನು ನಾನು ಮೊದಲು ಟಾರ್ಚ್ ಹಿಡಿದು ನೋಡುವುದು ಇದಕ್ಕಾಗಿಯೇ. ಬೆಂಗಳೂರು, ಮೈಸೂರಿನವರು ಇದರಿಂದ ಪೂರ್ತಿ ಪಾರಾದರೆಂದೂ ಅಲ್ಲ. ಆರಂಭದ ಹಂತದಲ್ಲಿ ಲೆನ್ಸ್ ಬಿಚ್ಚಿ ಒರೆಸಿದರೆ ಫಂಗಸ್ ಹೋಗುತ್ತದೆ. ಲೇಪನವನ್ನೂ ಗಾಜನ್ನೂ ಅದು ಕೊರೆದ ಮೇಲೆ ಎಷ್ಟು ಒರೆಸಿದರೂ ಗುರುತು ಉಳಿಯುತ್ತದೆ. ವಿಪರ್ಯಾಸವೆಂದರೆ, ಸಂಗ್ರಾಹಕರು ಬಹಳ ಅಕ್ಕರೆಯಿಂದ ಉಳಿಸಿಕೊಂಡಿರುವ ಮೂಲ ಲೆದರ್ ಕೇಸೇ ಅನೇಕ ವೇಳೆ ತೇವವನ್ನು ಹೀರಿಕೊಂಡು ಬೂಷ್ಟನ್ನು ಸಾಕುತ್ತಿರುತ್ತದೆ. ಕೇಸನ್ನು ಇಟ್ಟುಕೊಳ್ಳಿ, ಆದರೆ ಕ್ಯಾಮೆರಾವನ್ನು ಅದರೊಳಗೆ ಇಡಬೇಡಿ. ಬಟ್ಟೆಗೆ ಹಾಕುವ ನುಸಿಗುಳಿಗೆಯನ್ನೋ ಕರ್ಪೂರವನ್ನೋ ಪಕ್ಕದಲ್ಲಿ ಇಡುವುದೂ ಬೇಡ. ಅವುಗಳ ಹತ್ತಿರ ಕ್ಯಾಮೆರಾ ಇಡಬಾರದೆಂದು ತಯಾರಕರ ಕೈಪಿಡಿಗಳೇ ಹೇಳುತ್ತವೆ. ಇನ್ನೊಂದು ಮಾತು ನಮ್ಮ ಕಡೆಯವರಿಗೆ ಮಾತ್ರ: ವರ್ಷಕ್ಕೊಮ್ಮೆ ಆಯುಧಪೂಜೆಗೆಂದು ಹೊರತೆಗೆದು ಅರಿಸಿನ ಕುಂಕುಮ ಹಚ್ಚಿ ಮತ್ತೆ ಒಳಗಿಡುವವರು ದಯವಿಟ್ಟು ಲೆನ್ಸಿಗೂ ಶಟರ್ ಗುಂಡಿಗೂ ದೂರದಲ್ಲಿ ಹಚ್ಚಿ, ಮರುದಿನ ಒರೆಸಿಡಿ. ಡಯಲ್‌ಗಳ ಸಂದಿಯಿಂದ ನಾನು ತೆಗೆದ ಕುಂಕುಮಕ್ಕೆ ಲೆಕ್ಕವಿಲ್ಲ.

ಉಳಿದ ಹಾನಿಗಳು ಕ್ಯಾಮೆರಾದ ಮಾದರಿಗೆ ತಕ್ಕಂತೆ ಬೇರೆಬೇರೆ. ಎಪ್ಪತ್ತು ಎಂಬತ್ತರ ದಶಕದ ಬಹುತೇಕ ಜಪಾನಿ ಕ್ಯಾಮೆರಾಗಳ ಹಿಂಬಾಗಿಲಿನ ಸುತ್ತ ಬೆಳಕು ನುಗ್ಗದಂತೆ ಹಾಕಿದ ಫೋಮ್ ಈಗ ಕರಗಿ ಕಪ್ಪು ಅಂಟಾಗಿದೆ. ಒಲಿಂಪಸ್ ಓಎಂ-1ರಲ್ಲಿ ಇದೇ ಬಗೆಯ ಫೋಮ್, ಕಣ್ಣಿಟ್ಟು ನೋಡುವ ಕಿಂಡಿಗೆ ಚಿತ್ರ ತಲುಪಿಸುವ ಗಾಜಿನ ಪ್ರಿಸಮ್ಮಿನ ಮೇಲೂ ಇದ್ದು, ಕೊಳೆತಾಗ ಅಲ್ಲಿನ ಬೆಳ್ಳಿಯ ಲೇಪನವನ್ನೇ ತಿನ್ನುತ್ತದೆ. ಯಾಶಿಕಾ ಎಲೆಕ್ಟ್ರೋ 35ರ ಒಳಗೆ ಒಂದು ಪುಟ್ಟ ರಬ್ಬರ್ ಪ್ಯಾಡ್ ಇದೆ. ಅದು ಪುಡಿಯಾಗಿದ್ದರೆ ವೈಂಡ್ ಮಾಡುವಾಗ, ಅಂದರೆ ಫಿಲ್ಮನ್ನು ಮುಂದಕ್ಕೆ ಸುತ್ತುವಾಗ, ಕೇಳಬೇಕಾದ 'ಟಕ್' ಎಂಬ ಸದ್ದು ಕೇಳುವುದಿಲ್ಲ, ಎಕ್ಸ್‌ಪೋಷರ್ (ಫಿಲ್ಮಿನ ಮೇಲೆ ಬೀಳುವ ಬೆಳಕಿನ ಪ್ರಮಾಣ) ತಪ್ಪುತ್ತದೆ. ಸೋವಿಯತ್ ಝೆನಿತ್-ಇಯಲ್ಲಿ ಬೆಳಕನ್ನು ಅಳೆಯುವ ಸೆಲೆನಿಯಂ ಮೀಟರಿಗೆ ಬ್ಯಾಟರಿ ಬೇಡ, ಆದರೆ ಅದು ಸೋತಿತೆಂದರೆ ಸೋತಂತೆಯೇ. 1.35 ವೋಲ್ಟಿನ ಪಾದರಸದ ಬ್ಯಾಟರಿಗೆಂದು ರೂಪಿಸಿದ ಮೀಟರುಗಳಿಗೆ ಇಂದು ಅಂಗಡಿಯಲ್ಲಿ ಸಿಗುವ 1.5 ವೋಲ್ಟಿನದನ್ನು ಹಾಕಿದರೆ ಅಳತೆ ತಪ್ಪುತ್ತದೆ. ಶ್ರವಣ ಸಾಧನದ ಝಿಂಕ್-ಏರ್ ಸೆಲ್ಲು ಸುಮಾರು 1.4 ವೋಲ್ಟ್ ಕೊಡುವುದರಿಂದ ಮೂಲಕ್ಕೆ ಹತ್ತಿರ. ಇನ್ನು ಎಲ್ಲ ಬಗೆಯ ಯಾಂತ್ರಿಕ ಶಟರುಗಳಲ್ಲೂ ಗ್ರೀಸು ಗಟ್ಟಿಯಾಗಿ ಮೊದಲು ನಿಲ್ಲುವುದು ಒಂದು ಸೆಕೆಂಡ್, ಅರ್ಧ ಸೆಕೆಂಡಿನ ನಿಧಾನದ ವೇಗಗಳು.

ಇಷ್ಟನ್ನು ವಿವರಿಸಿ ಹೇಳಿದಾಗಲೂ ಕೆಲವರು ಚೀಲ ಮುಚ್ಚಿಕೊಂಡು ಹೊರಡುತ್ತಾರೆ. ಬೆಲೆ ಕೇಳಿ ಬೇಸರಪಟ್ಟು ಹೊರಡುವವರೇ ಹೆಚ್ಚು. 1990ರಲ್ಲಿ ಕಾನ್‌ಮನ್, ನೆಚ್, ಥೇಲರ್ ಎಂಬ ಮೂವರು ವಿದ್ವಾಂಸರು ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಕುಡಿಯುವ ಮಗ್ಗುಗಳನ್ನು ಕೊಟ್ಟು, ಮಾರುವುದಾದರೆ ಎಷ್ಟಕ್ಕೆಂದು ಕೇಳಲಾಯಿತು. ಮಗ್ಗು ಸಿಗದವರನ್ನು, ಕೊಳ್ಳುವುದಾದರೆ ಎಷ್ಟಕ್ಕೆಂದು ಕೇಳಲಾಯಿತು. ಕೈಗೆ ಬಂದು ಸ್ವಲ್ಪ ಹೊತ್ತಷ್ಟೇ ಆಗಿದ್ದ ಮಗ್ಗಿಗೆ ಅದರ ಒಡೆಯರು ಹೇಳಿದ ಬೆಲೆ ಕೊಳ್ಳುವವರು ಹೇಳಿದ್ದರ ಎರಡು ಪಟ್ಟಿಗೂ ಹೆಚ್ಚಿತ್ತು. ಕೆಲವು ಗಳಿಗೆಯ ಒಡೆತನವೇ ಹೀಗೆ ಮಾಡುವುದಾದರೆ, ಮೊದಲ ಸಂಬಳದಲ್ಲಿ ಕೊಂಡ ಕ್ಯಾಮೆರಾಕ್ಕೆ ಅದರ ಒಡೆಯರು ಕಟ್ಟುವ ಬೆಲೆಯನ್ನು ಪೇಟೆಯಲ್ಲಿ ಯಾರೂ ಕೊಡಲಾರರು. ಆದ್ದರಿಂದ ನಾನು ಬೆಲೆಯ ಮಾತನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಮೊದಲು ಮಾಡಬೇಕಾದುದು 'ಸಂಗ್ರಹ'ವನ್ನು ಒಡೆಯುವುದು. ಎಲ್ಲವನ್ನೂ ಒಟ್ಟಿಗೆ ಕಂಡಾಗ ಬಿಟ್ಟುಕೊಡುವುದು ಬದುಕಿನ ಒಂದು ಭಾಗವನ್ನೇ ಬಿಟ್ಟುಕೊಟ್ಟಂತೆ ತೋರುತ್ತದೆ. ಒಂದೊಂದನ್ನೇ ಕೈಗೆತ್ತಿಕೊಂಡು ಶಟರ್ ಒತ್ತಿ, ಲೆನ್ಸಿಗೆ ಬೆಳಕು ಹಾಯಿಸಿ, ಹಿಂಬಾಗಿಲು ತೆಗೆದು ನೋಡುತ್ತ ಹೋದರೆ ಮಾತು ತಾನಾಗಿ ಬದಲಾಗುತ್ತದೆ. ಇದು ಯಾರದು, ಯಾವಾಗ ಕೊಂಡದ್ದು, ಇದರಲ್ಲಿ ಏನು ತೆಗೆದಿರಿ ಎಂದು ನಾನು ಕೇಳುತ್ತೇನೆ. ಅರ್ಧಕ್ಕಿಂತ ಹೆಚ್ಚಿನವುಗಳ ಬಗ್ಗೆ ಒಡೆಯರಿಗೆ ಹೇಳಲು ವಿಶೇಷವಾದ ಕತೆಯೇ ಇರುವುದಿಲ್ಲ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದೋ, ಜೋಡಿ ಪೂರ್ತಿಯಾಗಲಿ ಎಂದೋ ಕೊಂಡವು ಅವು. ಹಾಗೆಂದು ಅವರೇ ಹೇಳಿಕೊಂಡ ಮೇಲೆ ಅವನ್ನು ಪಕ್ಕಕ್ಕೆ ಸರಿಸಲು ಬಹಳ ಹೊತ್ತು ಬೇಕಾಗುವುದಿಲ್ಲ.

ನೆನಪಿನ ತೂಕಕ್ಕೂ ಪೇಟೆಯ ತೂಕಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಆಗ್ಫಾ ಕ್ಲಿಕ್-3ಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ವಡೋದರಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಇಲ್ಲಿಯೇ ತಯಾರಿಸಿದ, ಒಂದೇ ಗಾಜಿನ ಲೆನ್ಸಿನ ಸರಳ ಡಬ್ಬಿ ಅದು; 120 ಎಂಬ ಅಗಲ ಫಿಲ್ಮಿನ ರೋಲಿನಲ್ಲಿ ಹನ್ನೆರಡು ಚೌಕ ಚಿತ್ರಗಳು. ನಮ್ಮ ಎಷ್ಟೋ ಮನೆಗಳ ನಾಮಕರಣ, ಜಾತ್ರೆ, ಜೋಗದ ಪ್ರವಾಸಗಳೆಲ್ಲ ಅದರಲ್ಲೇ ದಾಖಲಾಗಿವೆ. ಮಾರಲು ಹೋದರೆ ಸಿಗುವುದು ಅತ್ಯಲ್ಪ, ಕೆಡಲು ಅದರಲ್ಲಿರುವುದೂ ಅತ್ಯಲ್ಪ. ಅದನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ನಾನು ಹಿಂದೆಮುಂದೆ ನೋಡದೆ ಹೇಳುತ್ತೇನೆ. ಝೆನಿತ್-ಇಯ ವಿಷಯ ಬೇರೆ. ಮೂವತ್ತು ಲಕ್ಷಕ್ಕೂ ಹೆಚ್ಚು ತಯಾರಾದ ಆ ಮಾದರಿ ಅಪರೂಪದ್ದಲ್ಲ, ಆದರೆ ಅದರ ಹೀಲಿಯೋಸ್ 44-2 ಲೆನ್ಸನ್ನು ಇಂದಿನ ಡಿಜಿಟಲ್ ಕ್ಯಾಮೆರಾಗಳಿಗೆ ಜೋಡಿಸಿಕೊಳ್ಳುವ ಹುಡುಗರು ಹುಡುಕಿಕೊಂಡು ಬರುತ್ತಾರೆ. ಪೆಂಟ್ಯಾಕ್ಸ್ ಕೆ1000, ನಿಕಾನ್ ಎಫ್‌ಎಂ2 ಇವೆರಡರಲ್ಲೂ ಶಟರ್ ಬ್ಯಾಟರಿಯಿಲ್ಲದೆ ಓಡುತ್ತದೆ, ದುರಸ್ತಿ ಸಾಧ್ಯ, ಕಲಿಯುವವರಿಂದ ಬೇಡಿಕೆಯೂ ಇದೆ. ಒಂದು ಪೀಳಿಗೆಯ ಕೈಯಿಂದ ಇನ್ನೊಂದರ ಕೈಗೆ ಹೋಗಬೇಕಾದವು ಇವೇ. 2024ರಲ್ಲಿ ಪೆಂಟ್ಯಾಕ್ಸ್ ಹೊಸದಾಗಿಯೇ ಒಂದು ರೀಲ್ ಕ್ಯಾಮೆರಾವನ್ನು ಹೊರತಂದಿತು ಎಂದರೆ ಕೊಳ್ಳುವವರು ಇನ್ನೂ ಇದ್ದಾರೆಂದೇ ಅರ್ಥ.

ಕ್ಯಾಮೆರಾಗಳಿಗಿಂತ ನನಗೆ ಹೆಚ್ಚು ಕಳವಳ ತರುವುದು ಅವುಗಳ ಜೊತೆಗಿದ್ದವು. ಕ್ಯಾಮೆರಾವನ್ನು ಜೋಪಾನವಾಗಿ ಬಟ್ಟೆಯಲ್ಲಿ ಸುತ್ತಿ ತಂದವರನ್ನು ನೆಗೆಟಿವ್‌ಗಳೆಲ್ಲಿ ಎಂದು ಕೇಳಿದರೆ, ಅಟ್ಟದಲ್ಲಿ ಯಾವುದೋ ಡಬ್ಬದಲ್ಲಿರಬೇಕು ಎಂದೋ, ಮನೆಗೆ ಸುಣ್ಣ ಹೊಡೆಸುವಾಗ ಎಸೆದೆವು ಎಂದೋ ಉತ್ತರ ಬರುತ್ತದೆ. ಅದೇ ಮಾದರಿಯ ಯಾಶಿಕಾ ನಾಳೆಯೂ ಸಿಕ್ಕೀತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ರೋಲಿನ ಮೇಲೆ ಮೂಡಿದ ನಿಮ್ಮ ಅಜ್ಜಿಯ ಚಿತ್ರ ಇನ್ನೊಂದು ಎಲ್ಲಿಯೂ ಇಲ್ಲ. ಡಬ್ಬದ ಮುಚ್ಚಳ ತೆಗೆದಾಗ ವಿನೆಗರಿನ ಹುಳಿ ವಾಸನೆ ಬಂದರೆ ಅಸಿಟೇಟ್ ಫಿಲ್ಮು ಕೊಳೆಯತೊಡಗಿದೆ ಎಂದು ತಿಳಿಯಬೇಕು. ಅದನ್ನು ತಡೆಯಲಾಗದು, ತಂಪಾದ ಒಣ ಜಾಗದಲ್ಲಿಟ್ಟು ನಿಧಾನಗೊಳಿಸಬಹುದು ಅಷ್ಟೆ. ಫಿಲ್ಮು ಕುಗ್ಗಿ ಸುರುಳಿಯಾಗುವ ಮೊದಲು ಸ್ಕ್ಯಾನ್ ಮಾಡಿಸಿಕೊಳ್ಳಬೇಕು.

ಕ್ಯಾಮೆರಾದೊಳಗೆ ಇನ್ನೂ ರೋಲ್ ಇದ್ದೀತು ಎಂಬುದನ್ನೂ ಮರೆಯಬಾರದು. 35 ಎಂಎಂ ಕ್ಯಾಮೆರಾದ ಹಿಂಬಾಗಿಲು ತೆಗೆಯುವ ಮುನ್ನ ರಿವೈಂಡ್ ಹಿಡಿಕೆಯನ್ನು ಮೆಲ್ಲಗೆ ತಿರುಗಿಸಿ ನೋಡಿ. ಬಿಗಿ ಕಂಡರೆ ಒಳಗೆ ಫಿಲ್ಮಿದೆ, ಕೆಳಗಿನ ಗುಂಡಿ ಒತ್ತಿ ಪೂರ್ತಿ ಸುತ್ತಿದ ಮೇಲೆಯೇ ತೆಗೆಯಿರಿ. 120ರ ರೋಲನ್ನು ಮುಂದಕ್ಕೇ ಕೊನೆಯವರೆಗೆ ಸುತ್ತಬೇಕು. ಕಪ್ಪು-ಬಿಳುಪು ರೋಲುಗಳಲ್ಲಿ ದಶಕಗಳ ಮೇಲೂ ಚಿತ್ರ ಸಿಗುವುದುಂಟು. ಬಣ್ಣದವುಗಳಲ್ಲಿ ಬಣ್ಣ ಕೆಟ್ಟು ಮಂಕಾಗಿರುತ್ತದೆ. ಕೊಡಾಕ್ ಕಂಪನಿಯ ಹಳೆಯ ಬಣ್ಣದ ಫಿಲ್ಮು ಕೊಡಾಕ್ರೋಮ್ ಆಗಿದ್ದರೆ ಅದನ್ನು ಬಣ್ಣದಲ್ಲಿ ಸಂಸ್ಕರಿಸುವ ಕೊನೆಯ ಪ್ರಯೋಗಾಲಯ 2010ರ ಕೊನೆಯಲ್ಲಿ ಆ ಕೆಲಸಕ್ಕೆ ರೋಲು ಪಡೆಯುವುದನ್ನು ನಿಲ್ಲಿಸಿತು, ಈಗ ಕಪ್ಪು-ಬಿಳುಪಾಗಿ ಮಾತ್ರ ಪಡೆಯಬಹುದು. ಇಂಥ ಹಳೆಯ ರೋಲಿನಿಂದ ನಾಲ್ಕು ಮಸುಕು ಚಿತ್ರಗಳು ಸಿಕ್ಕಿದ ಮೇಲೆ ಕ್ಯಾಮೆರಾವನ್ನು ಬಿಟ್ಟುಕೊಡಲು ಯಾವ ತಕರಾರನ್ನೂ ಮಾಡದವರನ್ನು ನಾನು ಕಂಡಿದ್ದೇನೆ.

ಯಾರಿಗೆ ಕೊಡಬೇಕು ಎಂಬ ಪ್ರಶ್ನೆಗೆ ನನ್ನ ಆಯ್ಕೆ ಬಳಸುವವರಿಗೆ ಎಂಬುದು. ಬೆಂಗಳೂರಿನಲ್ಲಿ 1971ರಿಂದ ಇರುವ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳ ಸದಸ್ಯರಲ್ಲಿ, ಕಲಾ ಶಾಲೆಗಳ ವಿದ್ಯಾರ್ಥಿಗಳಲ್ಲಿ ವಿಚಾರಿಸಿದರೆ ಅಂಥವರು ಸಿಗುತ್ತಾರೆ. ಗುರುಗ್ರಾಮದಲ್ಲಿ 2019ರಲ್ಲಿ ತೆರೆದ ಮ್ಯೂಸಿಯೋ ಕ್ಯಾಮೆರಾದಂಥ ವಸ್ತುಸಂಗ್ರಹಾಲಯಕ್ಕೆ ಕೊಡುವ ಆಸೆಯನ್ನು ಹಲವರು ಹೇಳುತ್ತಾರೆ. ಒಳ್ಳೆಯದೇ, ಆದರೆ ಸಾವಿರಾರು ಸಂಖ್ಯೆಯಲ್ಲಿ ಮಾರಾಟವಾದ ಮಾದರಿಯ ಇನ್ನೊಂದು ಪ್ರತಿಯಿಂದ ಯಾವ ಸಂಗ್ರಹಾಲಯಕ್ಕೂ ಹೆಚ್ಚಿನ ಉಪಯೋಗವಿಲ್ಲ. ಯಾರು, ಎಲ್ಲಿ, ಏನನ್ನು ಇದರಲ್ಲಿ ಚಿತ್ರಿಸಿದರು ಎಂಬ ದಾಖಲೆ, ರಸೀದಿ, ಚಿತ್ರಗಳು ಜೊತೆಗಿದ್ದರೆ ಮಾತು ಬೇರೆ. ಕೆಟ್ಟು ಹೋದವನ್ನು ಬಿಡಿಭಾಗಕ್ಕೆಂದು ನಮ್ಮಂಥ ಮೆಕ್ಯಾನಿಕ್‌ಗಳಿಗೆ ಕೊಡಬಹುದು. ಹಾಗೆ ಬಂದವು ನನ್ನ ಅಂಗಡಿಯ ಎರಡು ಕಪಾಟುಗಳನ್ನು ತುಂಬಿವೆ ಎಂಬುದನ್ನು ಇಲ್ಲಿ ಹೇಳದಿದ್ದರೆ, ಈ ಅಂಕಣ ಓದುವ ನನ್ನ ಮನೆಯವರು ನಗುತ್ತಾರೆ.

ಮಾರುವುದಾದರೆ ಮೊದಲು ಒಂದು ರೋಲ್ ಹಾಕಿ ತೆಗೆದು ನೋಡಿ, ಆ ಚಿತ್ರಗಳನ್ನೂ ಗೊತ್ತಿರುವ ದೋಷಗಳ ಚೀಟಿಯನ್ನೂ ಕೊಳ್ಳುವವರ ಕೈಗೆ ಕೊಡಿ. ಸಾಧಾರಣ ಮಾದರಿಗಳಿಗೆ ಮಾರುವ ಮುನ್ನ ಪೂರ್ತಿ ಸರ್ವಿಸ್ ಮಾಡಿಸಬೇಡಿ, ಆ ಖರ್ಚು ಬೆಲೆಯಲ್ಲಿ ಹಿಂದಿರುಗುವುದಿಲ್ಲ. ಉಳಿಸಿಕೊಳ್ಳುವುದಾದರೆ, ಎರಡು ತಿಂಗಳಿಗೊಮ್ಮೆ ಹೊರತೆಗೆದು ಎಲ್ಲ ವೇಗಗಳಲ್ಲೂ ಶಟರ್ ಓಡಿಸಲು ನಿಮ್ಮಿಂದ ಆಗುವಷ್ಟನ್ನು ಮಾತ್ರ ಉಳಿಸಿಕೊಳ್ಳಿ. ಬ್ಯಾಟರಿ ತೆಗೆದು, ಶಟರನ್ನು ವೈಂಡ್ ಮಾಡದೆ, ತೇವಾಂಶ ಶೇ. 40ರಿಂದ 50ರೊಳಗಿರುವ ಡ್ರೈ ಕ್ಯಾಬಿನೆಟ್ಟಿನಲ್ಲೋ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬದಲ್ಲೋ ಇಡಿ. ಜೆಲ್ ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸುವುದನ್ನು ಮಳೆಗಾಲದಲ್ಲಂತೂ ತಪ್ಪಿಸಬೇಡಿ.