ಲೆಗ್ಗಿನ್ಸ್, ಟೀ ಶರ್ಟ್ ಬಟ್ಟೆ ಮನೆ ಮಷೀನಲ್ಲಿ ಹೊಲಿಯೋಕಾಗಲ್ವಾ, ಓವರ್‌ಲಾಕ್ ತಗೊಳ್ಳಲೇಬೇಕಾ?

ಪ್ರಶ್ನೆ: ಅಕ್ಕ ನಮಸ್ತೆ, ನಮ್ದು ಗುಬ್ಬಿ ಹತ್ರ ಒಂದು ಹಳ್ಳಿ. ಕಾಲಲ್ಲಿ ತುಳಿಯೋ ಕಪ್ಪು ಮಷೀನ್ ಇದೆ, ಬ್ಲೌಸು, ಲಂಗ, ಚೂಡಿದಾರ್ ಎಲ್ಲ ಚೆನ್ನಾಗೇ ಬರುತ್ತೆ. ಮಗಳಿಗೆ ಅಂತ ತುಮಕೂರಿಂದ ಟೀ ಶರ್ಟ್ ಬಟ್ಟೆ, ಲೆಗ್ಗಿನ್ಸ್ ಬಟ್ಟೆ ತಂದು ಕೂತ್ರೆ ಎರಡು ಹೊಲಿಗೆ ಬೀಳುತ್ತೆ ಮೂರು ಬಿಟ್ಟೋಗುತ್ತೆ, ಬಿದ್ದಿರೋದೂ ಎಳೆದ್ರೆ ಪಟ್ ಅಂತ ಕಿತ್ಕೊಂಡು ಬರುತ್ತೆ. ಅಂಚು ಕತ್ತರಿಸಿ ಸೇರಿಸೋ ಓವರ್‌ಲಾಕ್ ಮಷೀನ್ ಇಲ್ದೆ ಇದೆಲ್ಲ ಆಗಲ್ಲ ಅಂತಾರೆ, ನಿಜಾನಾ?

ಉತ್ತರ: ಇಲ್ಲಮ್ಮ, ಸದ್ಯಕ್ಕಂತೂ ಬೇಡ. ನೀವು ಹೇಳಿರೋದು ಒಂದು ತೊಂದರೆ ಅಲ್ಲ, ಎರಡು. ಹೊಲಿಗೆ ಬಿಟ್ಟು ಬಿಟ್ಟು ಬೀಳೋದು ಸೂಜಿ ವಿಷಯ, ಎಳೆದ್ರೆ ಕಿತ್ತೋಗೋದು ಹೊಲಿಗೆ ಮತ್ತೆ ದಾರದ ವಿಷಯ. ಎರಡನ್ನೂ ಸೇರಿಸಿ ಮಷೀನೇ ಸರಿ ಇಲ್ಲ ಅಂದ್ಕೊಂಡು ಎಷ್ಟೋ ಜನ ದುಡ್ಡು ಸುರೀತಾರೆ.

ಮೊದಲು ಸೂಜಿ. ಬ್ಲೌಸ್ ಪೀಸು, ಪಾಪ್ಲಿನ್ನು ಇವೆಲ್ಲ ಮಗ್ಗದಲ್ಲಿ ಉದ್ದ ಅಡ್ಡ ದಾರ ಹಾಕಿ ನೇಯ್ದಿರೋ ಬಟ್ಟೆ. ಟೀ ಶರ್ಟು, ಬನಿಯನ್ನು, ಲೆಗ್ಗಿನ್ಸು ಹಂಗಲ್ಲ, ಅವು ಸ್ವೆಟರ್ ಥರ ಕುಣಿಕೆಗೆ ಕುಣಿಕೆ ಸೇರಿಸಿ ಹೆಣೆದಿರೋದು, ತಿರುಪ್ಪೂರ್ ಕಡೆಯಿಂದ ಬರೋ ಹೊಸೈರಿ ಬಟ್ಟೆ ಎಲ್ಲ ಇದೇ ಜಾತಿ. ಎಳೆದಾಗ ಆ ಕುಣಿಕೆಗಳು ಅಗಲ ಆಗ್ತವೆ, ಅದಕ್ಕೇ ಹಿಗ್ಗೋದು. ನಮ್ಮ ಮಾಮೂಲಿ ಚೂಪು ಸೂಜಿ ಇದೆಯಲ್ಲ ಅದು ಕುಣಿಕೆ ದಾರಾನೇ ತೂತು ಮಾಡ್ಕೊಂಡು ಹೋಗುತ್ತೆ, ಒಂದು ಕುಣಿಕೆ ತುಂಡಾದ್ರೆ ನಾಲ್ಕು ಸಲ ಒಗೆಯೋಷ್ಟರಲ್ಲಿ ಅಲ್ಲಿ ತೂತು ಇಳೀತಾ ಹೋಗುತ್ತೆ. ಬಾಲ್ ಪಾಯಿಂಟ್ ಸೂಜಿ ಅಂತ ಬರುತ್ತೆ, ಅದರ ತುದಿ ಸ್ವಲ್ಪ ದುಂಡಗಿರುತ್ತೆ, ಸಂತೇಲಿ ಜನರ ಮಧ್ಯೆ ಸರ್ಕೊಂಡು ಹೋಗೋ ಹಾಗೆ ದಾರಗಳ ನಡುವೆ ಜಾಗ ಮಾಡ್ಕೊಂಡು ಇಳಿಯುತ್ತೆ.

ಲೈಕ್ರಾ ಸೇರಿರೋ ಬಟ್ಟೆದು ಇನ್ನೊಂದು ಕಥೆ. ಅದರಲ್ಲಿ ಕುಣಿಕೆ ಜೊತೆಗೆ ದಾರಾನೂ ರಬ್ಬರ್ ಥರ ಹಿಗ್ಗುತ್ತೆ, ಈ ಸ್ಪ್ಯಾಂಡೆಕ್ಸ್ ಅನ್ನೋ ದಾರಾನ 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಲಿ ಜೋಸೆಫ್ ಶೈವರ್ಸ್ ಅನ್ನೋ ಕೆಮಿಸ್ಟ್ ಕಂಡುಹಿಡಿದಿದ್ದು, ಲೈಕ್ರಾ ಅನ್ನೋದು ಅದರ ಬ್ರ್ಯಾಂಡ್ ಹೆಸರು. ಹಳೇ ಲೆಗ್ಗಿನ್ಸಲ್ಲಿ ಹೊಲಿಗೆ ಪಕ್ಕದಲ್ಲಿ ಸಣ್ಣ ಬಿಳಿ ಎಳೆ ಈಚೆ ಬಂದಿರೋದು ನೋಡಿರ್ತೀರ, ಎಷ್ಟೋ ಸಲ ಅದು ಸೂಜಿಗೆ ಸಿಕ್ಕಿ ತುಂಡಾಗಿರೋ ಸ್ಪ್ಯಾಂಡೆಕ್ಸೇ.

ಸರಿ, ಹೊಲಿಗೆ ಬಿಡೋದು ಯಾಕೆ? ಸೂಜಿ ಕೆಳಗಿಳಿದು ವಾಪಸ್ ಒಂಚೂರು ಮೇಲಕ್ಕೆ ಬಂದಾಗ ಹಿಂದೆ ದಾರ ಸಡಿಲ ಆಗಿ ಸಣ್ಣ ಕುಣಿಕೆ ಆಗುತ್ತೆ, ಶಟಲ್ ಕೊಕ್ಕೆ ಬಂದು ಆ ಕುಣಿಕೆನ ಹಿಡಿದು ಬಾಬಿನ್ ದಾರದ, ಅಂದ್ರೆ ಕೆಳಗಿನ ದಾರದ ಸುತ್ತ ತಿರುಗಿಸುತ್ತೆ, ಒಂದು ಹೊಲಿಗೆ ಅಂದ್ರೆ ಇಷ್ಟೇ. ಹಿಗ್ಗೋ ಬಟ್ಟೆ ಏನ್ಮಾಡುತ್ತೆ, ಸೂಜಿಗೆ ಅಂಟ್ಕೊಂಡು ಅದರ ಜೊತೆ ತಾನೂ ಕೆಳಗೆ ಹೋಗಿ ತಾನೂ ಮೇಲೆ ಬರುತ್ತೆ. ಅವಾಗ ದಾರ ಸಡಿಲಾನೇ ಆಗಲ್ಲ, ಕುಣಿಕೆ ಆಗಲ್ಲ, ಕೊಕ್ಕೆ ಸುಮ್ನೆ ಖಾಲಿ ತಿರುಗಿ ಹೋಗುತ್ತೆ. ಇದಕ್ಕೆ ದಾರದ ಬಿಗಿ ಹೊಂದಿಸೋ ಟೆನ್ಷನ್ ತಿರುಗಿಸಿ ತಿರುಗಿಸಿ ಏನೂ ಪ್ರಯೋಜನ ಇಲ್ಲ.

ಅಂಗಡೀಲಿ ಬರೀ ಬಾಲ್ ಪಾಯಿಂಟ್ ಕೊಡಿ ಅಂದ್ರೆ ಕೆಲವು ಸಲ ಗಾರ್ಮೆಂಟ್ಸ್ ಮಷೀನಿಂದು ಕೊಟ್ಟುಬಿಡ್ತಾರೆ, ಅದರ ಬುಡ ದುಂಡಗಿರುತ್ತೆ, ಮನೆ ಮಷೀನ್ ಸೂಜಿ ಬುಡ ಸಾಮಾನ್ಯವಾಗಿ ಒಂದು ಕಡೆ ಚಪ್ಪಟೆ. ತುಮಕೂರಲ್ಲಿ ಎಂ.ಜಿ. ರೋಡ್ ಕಡೆನೋ ಮಂಡಿಪೇಟೆ ಕಡೆನೋ ಬರೋವಾಗ ಹಳೇ ಸೂಜಿ ಒಂದು ಪೇಪರಲ್ಲಿ ಸುತ್ಕೊಂಡು ತಂದು ಪಕ್ಕದಲ್ಲಿಟ್ಟು ನೋಡಿ ತಗೊಳ್ಳಿ. ಚಪ್ಪಟೆ ಬುಡದ ಮಾಮೂಲಿ ಸೂಜಿ ಪ್ಯಾಕೆಟ್ ಮೇಲೆ ಎಚ್‌ಎ×1 ಅಂತ ಇರುತ್ತೆ, ಲೈಕ್ರಾಗೆ ಬರೋದ್ರ ಮೇಲೆ ಎಚ್‌ಎ×1ಎಸ್‌ಪಿ ಅಂತ ಇರುತ್ತೆ, ಕೆಲವು ಕಂಪನಿಯೋರು ಸ್ಟ್ರೆಚ್ ಅಂತಾನೇ ಬರೆದಿರ್ತಾರೆ. ನಂಬರ್ 11 ಅಂದ್ರೆ 75, ಸೂಜಿ 0.75 ಮಿ.ಮೀ. ದಪ್ಪ, ಟೀ ಶರ್ಟಿಗೂ ಲೆಗ್ಗಿನ್ಸಿಗೂ ಅದೇ ಸಾಕು, ಸ್ವೆಟ್ ಶರ್ಟ್ ಥರ ದಪ್ಪ ಬಟ್ಟೆಗೆ 14, ಅಂದ್ರೆ 90. ನಿಮ್ಮ ಮಷೀನಲ್ಲಿ ಈಗ 16 ಇರಬಹುದು, ನಮ್ಮ ಕಡೆ ಎಷ್ಟೋ ಮನೇಲಿ ಎಲ್ಲಾದಕ್ಕೂ ಅದೊಂದೇ. ಹಾಕೋವಾಗ ಹಳೇ ಸೂಜಿ ಚಪ್ಪಟೆ ಭಾಗ ಯಾವ ಕಡೆ ಇತ್ತೋ ಅದೇ ಕಡೆಗೆ, ಪೂರ್ತಿ ಮೇಲಕ್ಕೆ ತಳ್ಳಿ ಟೈಟ್ ಮಾಡಿ. ಅರ್ಧ ಜನದ ಸಮಸ್ಯೆ ಇಲ್ಲಿಗೇ ಮುಗಿಯುತ್ತೆ.

ಇನ್ನೂ ಬಿಡ್ತಾ ಇದೆ ಅಂದ್ರೆ ಬಟ್ಟೆ ಕೆಳಗೆ ತೆಳು ಟಿಶ್ಯೂ ಪೇಪರೋ ಬಟರ್ ಪೇಪರೋ ಇಟ್ಟು ಅದರ ಸಮೇತ ಹೊಲಿದು ಆಮೇಲೆ ಹರಿದು ತೆಗೀರಿ, ನ್ಯೂಸ್ ಪೇಪರ್ ಮಾತ್ರ ಬೇಡ, ಮಸಿ ಹತ್ತುತ್ತೆ. ಅಂದಹಾಗೆ ನಿಮ್ಮ ಕಪ್ಪು ಮಷೀನ್ ಬಗ್ಗೆ ಬೇಜಾರು ಮಾಡ್ಕೋಬೇಡಿ. ಅದರ ಪ್ಲೇಟಲ್ಲಿ ಸೂಜಿ ಇಳಿಯೋ ತೂತು ಚಿಕ್ಕದು, ಹಂಗಾಗಿ ಬಟ್ಟೆ ಒಳಗೆ ತುರುಕ್ಕೊಳ್ಳೋದು ಕಮ್ಮಿ. ಜಿಗ್‌ಜಾಗ್, ಅಂದ್ರೆ ಅಂಕುಡೊಂಕು ಹೊಲಿಗೆ ಇರೋ ಹೊಸ ಎಲೆಕ್ಟ್ರಿಕ್ ಮಷೀನಲ್ಲಿ ತೂತು ಅಗಲ ಇರುತ್ತೆ, ಶುರುವಲ್ಲೇ ಬಟ್ಟೆ ಮೂಲೆ ನುಂಗಿಬಿಡುತ್ತೆ, ಅಂಥವರು ಒಂದು ಚಿಂದಿ ಬಟ್ಟೆ ಮೇಲೆ ಹೊಲಿಗೆ ಶುರು ಮಾಡಿ ಅಲ್ಲಿಂದ ಹಂಗೇ ಅಸಲಿ ಬಟ್ಟೆಗೆ ಬರಬೇಕು.

ಈಗ ಕಿತ್ತೋಗೋ ವಿಷಯ. ಬಟ್ಟೆ ಹಿಗ್ಗುತ್ತೆ, ಅದರ ಮೇಲಿರೋ ನೇರ ಹೊಲಿಗೆ ಹಿಗ್ಗಲ್ಲ, ಜಗಳ ಅಲ್ಲೇ. ಜಿಗ್‌ಜಾಗ್ ಇರೋ ಮಷೀನ್ ಆದ್ರೆ ಸುಲಭ, ಅಗಲ 0.5ರಿಂದ 1 ಮಿ.ಮೀ., ಉದ್ದ 2.5 ಮಿ.ಮೀ. ಇಟ್ಕೊಂಡ್ರೆ ನೋಡೋಕೆ ಹೆಚ್ಚುಕಮ್ಮಿ ನೇರಾನೇ ಕಾಣುತ್ತೆ, ಎಳೆದಾಗ ಆ ಸಣ್ಣ ಅಂಕುಡೊಂಕು ನೆಟ್ಟಗಾಗಿ ಜಾಗ ಕೊಡುತ್ತೆ. ಮಿಂಚಿನ ಆಕಾರದ ಸ್ಟ್ರೆಚ್ ಹೊಲಿಗೆ ಇದ್ರೆ ಅದೂ ಆಗುತ್ತೆ. ಮೂರು ಸಲ ಹಿಂದೆ ಮುಂದೆ ಹೋಗೋ ಹೊಲಿಗೆ ಗಟ್ಟಿ ಹೌದು, ಆದ್ರೆ ತಪ್ಪಾದ್ರೆ ಬಿಚ್ಚೋಷ್ಟರಲ್ಲಿ ಬಟ್ಟೆನೇ ಹರಿಯುತ್ತೆ, ಹೊಸಬರಿಗೆ ನಾನು ಹೇಳಲ್ಲ.

ನಿಮ್ದು ನೇರ ಹೊಲಿಗೆ ಮಾತ್ರ, ಅದಕ್ಕೆ ದಾರದಿಂದ ಶುರು ಮಾಡೋಣ. ಕಾಟನ್ ದಾರ ಪಕ್ಕಕ್ಕಿಡಿ, ಮೇಲೂ ಬಾಬಿನಲ್ಲೂ ಒಳ್ಳೇ ಪಾಲಿಯೆಸ್ಟರ್ ದಾರ ಹಾಕಿ, ಅದಕ್ಕೆ ಒಂಚೂರು ಎಳೆತ ಇದೆ. ಬಾಬಿನ್ ಸುತ್ತೋವಾಗ ನಿಧಾನಕ್ಕೆ ಸುತ್ತಿ, ಜೋರಾಗಿ ಸುತ್ತಿದ್ರೆ ಪಾಲಿಯೆಸ್ಟರ್ ಎಳ್ಕೊಂಡೇ ಕೂತು ಹೊಲಿದ ಮೇಲೆ ಕುಗ್ಗಿ ಬಟ್ಟೆ ಸುಕ್ಕು ಸುಕ್ಕಾಗುತ್ತೆ. ಹೊಲಿಗೆ ಉದ್ದ ಬ್ಲೌಸಿಗಿಂತ ಒಂಚೂರು ಚಿಕ್ಕದು ಮಾಡಿ, 2 ಮಿ.ಮೀ. ಹತ್ರ, ಹೊಲಿಗೆ ಜಾಸ್ತಿ ಇದ್ದಷ್ಟೂ ದಾರ ಜಾಸ್ತಿ ಹೋಗುತ್ತೆ, ಆ ಜಾಸ್ತಿ ದಾರಾನೇ ಎಳೆತ ಕೊಡೋದು. ಮೇಲಿನ ಟೆನ್ಷನ್ ಒಂಚೂರು ಸಡಿಲ. ಎಳೆದಾಗ ಕೆಳಗಿನ ದಾರಾನೇ ಕಟ್ ಆಗ್ತಿದ್ರೆ ಬಾಬಿನ್ ಕೇಸಿನ ಸಣ್ಣ ಸ್ಕ್ರೂ ಕಾಲು ಸುತ್ತು ಸಡಿಲ ಮಾಡಿ, ಎಷ್ಟು ತಿರುಗಿಸಿದ್ರಿ ಅಂತ ನೆನಪಿಟ್ಕೊಳ್ಳಿ, ಮತ್ತೆ ಬ್ಲೌಸ್ ಹೊಲಿಯೋವಾಗ ವಾಪಸ್ ತರಬೇಕು.

ಇಲ್ಲೊಂದು ಗೊಂದಲ ಎಲ್ಲರಿಗೂ ಇದೆ. ಒಂದು ಯೂಟ್ಯೂಬ್ ವಿಡಿಯೋದಲ್ಲಿ ಬಟ್ಟೆ ಎಳೆದು ಹೊಲಿಯಿರಿ ಅಂತಾರೆ, ಇನ್ನೊಂದರಲ್ಲಿ ಎಳೀಲೇಬೇಡಿ ಅಂತಾರೆ, ಎರಡೂ ಸರಿನೇ, ಆದ್ರೆ ಯಾರಿಗೆ ಅಂತ ಹೇಳಲ್ಲ. ಜಿಗ್‌ಜಾಗ್ ಇರೋರು ಎಳೀಬಾರದು, ಎಳೆದ್ರೆ ಅಲೆ ಅಲೆಯಾಗಿ ಬರುತ್ತೆ. ನೇರ ಹೊಲಿಗೆಯವರು ಹಿಗ್ಗಬೇಕಾದ ಜಾಗದಲ್ಲಿ ಮಾತ್ರ ಹಿಂದೆ ಮುಂದೆ ಎರಡೂ ಕೈಯಲ್ಲಿ ಹಿಡಿದು ಸಮನಾಗಿ ಸ್ವಲ್ಪ ಎಳೆದು ಹೊಲಿದ್ರೆ, ಬಟ್ಟೆ ವಾಪಸ್ ಕುಗ್ಗಿದಾಗ ಹೊಲಿಗೆಲಿ ಸಡಿಲ ಉಳ್ಕೊಳ್ಳುತ್ತೆ. ಹಿಂದಿನಿಂದ ಒಂದೇ ಕೈಯಲ್ಲಿ ಜಗ್ಗಿದ್ರೆ ಸೂಜಿ ಬಾಗಿ ಪ್ಲೇಟಿಗೆ ಹೊಡೆದು ಮುರಿಯುತ್ತೆ.

ಹಿಗ್ಗಬೇಕಾದ ಜಾಗ ಯಾವುದು? ಇದನ್ನ ಯೋಚಿಸಿದ್ರೆ ಕಪ್ಪು ಮಷೀನಲ್ಲಿ ಏನು ಹೊಲಿಯಬಹುದು ಏನು ಬೇಡ ಅಂತ ತಾನೇ ಗೊತ್ತಾಗುತ್ತೆ. ಕಟಿಂಗ್ ಮಾಡೋವಾಗ ಬಟ್ಟೆ ಯಾವ ಕಡೆ ಜಾಸ್ತಿ ಹಿಗ್ಗುತ್ತೋ ಆ ಕಡೆ ಮೈ ಸುತ್ತ ಬರೋ ಹಾಗಿಡ್ತೀವಿ. ಅಂದ್ಮೇಲೆ ಟೀ ಶರ್ಟ್ ಪಕ್ಕದ ಉದ್ದ ಹೊಲಿಗೆ ಮೇಲಿಂದ ಕೆಳಗೆ ಹೋಗುತ್ತೆ, ಅದರ ಮೇಲೆ ಎಳೆತ ಬೀಳೋದು ತುಂಬ ಕಮ್ಮಿ, ನೇರ ಹೊಲಿಗೆ ಧಾರಾಳವಾಗಿ ತಡೆಯುತ್ತೆ. ಭುಜದ ಹೊಲಿಗೆ ಹಿಗ್ಗಲೇಬಾರದು, ಹಿಗ್ಗಿದ್ರೆ ತೋಳು ಜೋತು ಬೀಳುತ್ತೆ, ಅಲ್ಲಿ ಒಂದು ತೆಳು ಕಾಟನ್ ಟೇಪ್ ಸೇರಿಸಿ ಹೊಲೀರಿ. ಕೊರಳು, ಸೊಂಟ, ಮುಂಗೈ ಪಟ್ಟಿ, ಲೆಗ್ಗಿನ್ಸಲ್ಲಿ ಕಾಲು ಸೇರೋ ಜಾಗ, ಇಲ್ಲಿ ಮಾತ್ರ ನಿಜವಾದ ಎಳೆತ. ಅದಕ್ಕೇ ನಿಮಗೆ ನನ್ನ ಸಲಹೆ ಲೆಗ್ಗಿನ್ಸ್ ಪಕ್ಕಕ್ಕಿಟ್ಟು ಮೊದಲು ಟೀ ಶರ್ಟು, ಹೊಸೈರಿ ನೈಟಿ, ಮಕ್ಕಳ ಲೂಸ್ ಫ್ರಾಕು ಇಂಥದ್ದು ಹೊಲೀರಿ, ಕೈ ಕೂತ ಮೇಲೆ ಲೆಗ್ಗಿನ್ಸ್. ಅದಕ್ಕೂ ನೀವು ಎಳೆದು ಹೊಲಿದ ಮೇಲೆ ಅಂಚು ಓವರ್‌ಲಾಕ್ ಮಾಡೋ ಅಂಗಡೀಲಿ ಕೊಟ್ಟು ಹೊಡೆಸ್ಕೊಂಡ್ರೆ ಆಯ್ತು, ಸೀರೆಗೆ ಫಾಲ್ಸು, ಪೀಕೋ ಮಾಡಿಸ್ತೀವಲ್ಲ ಅಂಥ ಅಂಗಡಿಗಳಲ್ಲೇ ತುಂಬ ಕಡೆ ಮಾಡ್ಕೊಡ್ತಾರೆ. ಟೀ ಶರ್ಟಿಗೆ ಅದೂ ಬೇಕಿಲ್ಲ, ಹೊಸೈರಿ ಅಂಚು ಪಾಪ್ಲಿನ್ ಥರ ನೂಲು ನೂಲಾಗಿ ಬಿಚ್ಕೊಳ್ಳಲ್ಲ, ಬರೀ ಸುರುಳಿ ಸುತ್ಕೊಳ್ಳುತ್ತೆ ಅಷ್ಟೆ.

ಕತ್ತರಿ ಹಾಕೋಕೆ ಮುಂಚೆ ಬಟ್ಟೆ ಒಗೆದು ಒಣಗಿಸಿ, ಕಾಟನ್ ಹೊಸೈರಿ ಕುಗ್ಗುತ್ತೆ. ತಂತಿ ಮೇಲೆ ನೇತಾಕಬೇಡಿ, ನೀರಿನ ಭಾರಕ್ಕೆ ಉದ್ದ ಜಗ್ಗುತ್ತೆ, ಚಾಪೆ ಮೇಲೆ ಹರಡಿ. ಕತ್ತರಿಸೋವಾಗ ಬಟ್ಟೆ ಟೇಬಲ್ ಅಂಚಿಂದ ಕೆಳಗೆ ಜೋತಾಡಬಾರದು. 10 ಸೆಂ.ಮೀ. ಬಟ್ಟೆ ಸ್ಕೇಲ್ ಪಕ್ಕ ಇಟ್ಟು ಎಳೆದು ನೋಡಿ, ಆರಾಮಾಗಿ 13ಕ್ಕೆ ಬಂದ್ರೆ 30 ಪರ್ಸೆಂಟ್ ಹಿಗ್ಗುತ್ತೆ ಅಂತ, ಬಿಟ್ಟಾಗ ವಾಪಸ್ 10ಕ್ಕೆ ಬರಲಿಲ್ಲ ಅಂದ್ರೆ ಆ ಬಟ್ಟೆ ಮೊಣಕಾಲಲ್ಲಿ ಉಬ್ಬಿ ಜೋಲು ಬೀಳುತ್ತೆ, ಲೆಗ್ಗಿನ್ಸಿಗೆ ಬೇಡ.

ಕೊರಳ ಪಟ್ಟಿಗೆ ಉದ್ದುದ್ದ ಗೆರೆ ಇದ್ದು ಚೆನ್ನಾಗಿ ಹಿಗ್ಗೋ ರಿಬ್ ಬಟ್ಟೆ ಸಿಕ್ಕಿದ್ರೆ ಚೆನ್ನ. ಕೊರಳ ಸುತ್ತಳತೆಗಿಂತ ಪಟ್ಟಿ ಚಿಕ್ಕದಿರಬೇಕು, ಸುಮಾರು 80-85 ಪರ್ಸೆಂಟ್. ಕೊರಳು 50 ಸೆಂ.ಮೀ. ಇದ್ರೆ ಪಟ್ಟಿ 40-42, ಮೇಲೆ ಜೋಡಣೆಗೆ ಬಿಡೋದು ಬೇರೆ. ಪಟ್ಟಿನೂ ಕೊರಳೂ ನಾಲ್ಕು ನಾಲ್ಕು ಭಾಗ ಗುರುತು ಮಾಡಿ ಪಿನ್ ಹಾಕಿ ಪಟ್ಟಿ ಮಾತ್ರ ಎಳೆದು ಹೊಲಿಯೋದು, ಕೊರಳನ್ನ ಎಳೀಬಾರದು. ಪಟ್ಟಿ ಕೊರಳಷ್ಟೇ ಉದ್ದ ಕತ್ತರಿಸಿದ್ರೆ ಮುಂದೆ ಜೋಲು ಬಿದ್ದು ನಿಲ್ಲುತ್ತೆ, ಎಷ್ಟು ಇಸ್ತ್ರಿ ಮಾಡಿದ್ರೂ ಕೂರಲ್ಲ. ಆದ್ರೆ ಹೊಲಿದ ಜಾಗ ಸ್ವಲ್ಪ ಅಲೆ ಬಂದಿದ್ರೆ ಭಯ ಬೇಡ, ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಪೆಟ್ಟಿಗೆ ಉಜ್ಜದೆ ಒತ್ತಿ ಒತ್ತಿ ಎತ್ತಿದ್ರೆ ಕಾಟನ್ ತಕ್ಕಮಟ್ಟಿಗೆ ವಾಪಸ್ ಕೂರುತ್ತೆ, ಲೈಕ್ರಾಗೆ ಬಿಸಿ ಕಮ್ಮಿ ಇರಲಿ. ಅಲೆ ಪ್ರತಿ ಸಲ ಬರ್ತಿದ್ರೆ ಮಷೀನ್ ತಲೆ ಮೇಲಿರೋ ಪ್ರೆಶರ್ ಸ್ಕ್ರೂ ಒಂದೆರಡು ಸುತ್ತು ಸಡಿಲ ಮಾಡಿ, ಸೂಜಿ ಹತ್ರ ಬಟ್ಟೆ ಒತ್ತಿ ಹಿಡಿಯೋ ಫೂಟ್ ಅದನ್ನ ಜಾಸ್ತಿ ಒತ್ತಿ ಹಿಗ್ಗಿಸ್ತಾ ಇದೆ ಅಂತ ಅರ್ಥ. ಪೂರ್ತಿ ಸಡಿಲ ಮಾಡಿದ್ರೆ ಬಟ್ಟೆ ಮತ್ತೆ ಸೂಜಿ ಜೊತೆ ಕುಣಿಯೋಕೆ ಶುರು ಮಾಡುತ್ತೆ, ನೋಡ್ಕೊಂಡು.

ಟೀ ಶರ್ಟ್ ಕೆಳ ಅಂಚು ಮಡಚಿ ಹೊಲಿಯೋ ಮಡಿಕೆ ಉಳೀತು. ಅಂಗಡಿ ಟೀ ಶರ್ಟಲ್ಲಿ ಮೇಲೆ ಎರಡು ಸಾಲು ಇರುತ್ತಲ್ಲ ಅದನ್ನ ಮನೇಲಿ ಜೋಡಿ ಸೂಜಿಲಿ ಮಾಡಬಹುದು, ಆದ್ರೆ ಜಿಗ್‌ಜಾಗ್ ಮಷೀನಿಗೆ ಮಾತ್ರ, ನಿಮ್ಮ ಪ್ಲೇಟಿನ ಸಣ್ಣ ತೂತಲ್ಲಿ ಎರಡು ಸೂಜಿ ಇಳಿಯಲ್ಲ, ಹಾಕೋಕೆ ಹೋಗ್ಬೇಡಿ. ನೀವು ಲೂಸ್ ಟೀ ಶರ್ಟಿಗೆ ಒಂದೇ ಸಾಲು ಸ್ವಲ್ಪ ಎಳೆದು ಹೊಲೀರಿ ಸಾಕು. ಮುಂದೆ ಊರಿನವರ ಆರ್ಡರ್ ಬಂದು ವಾರಕ್ಕೆ ಹತ್ತಿಪ್ಪತ್ತು ಪೀಸ್ ಹೊಲಿಯೋ ಹಾಗಾದ್ರೆ ಆಗ ಓವರ್‌ಲಾಕ್ ಯೋಚಿಸಿ, ಅದೂ ಒಂದು ಮಾತು ತಿಳ್ಕೊಂಡು: ಓವರ್‌ಲಾಕ್ ಅಂಚು ಕತ್ತರಿಸಿ ಸೇರಿಸುತ್ತೆ ಅಷ್ಟೇ, ಆ ಎರಡು ಸಾಲಿನ ಮಡಿಕೆ ಅದರಲ್ಲಿ ಬರಲ್ಲ, ಗಾರ್ಮೆಂಟ್ಸಲ್ಲಿ ಅದಕ್ಕೆ ಫ್ಲಾಟ್‌ಲಾಕ್ ಅಂತ ಬೇರೆ ಮಷೀನೇ ಇದೆ.